ಫಾರ್ವರ್ಡ್ ಸಂಕಥನದ ತಾತ್ವಿಕ ನೆಲೆಗಳು: ಪ್ರಾಚೀನ ವಿಮಾನವನ್ನು ಅನುಲಕ್ಷಿಸಿ

1. ಉದ್ದೇಶ, ವ್ಯಾಪ್ತಿ ಮತ್ತು ಮಿತಿ

ಪ್ರಸ್ತುತ ಪ್ರಬಂಧವು ಸಮಕಾಲೀನ ಕನ್ನಡ ಸಮುದಾಯದ ಬೆರಳತುದಿಯ ಜ್ಞಾನಮೀಮಾಂಸೆಯನ್ನು ಬಹುಶಿಸ್ತೀಯ ನೆಲೆಯಲ್ಲಿ ನಿಷ್ಕರ್ಷಿಸುವ, ನಿಷ್ಕರ್ಷಿಸುತ್ತಲೇ ನಿರಚಿಸುವ, ನಿರಚಿಸುತ್ತಲೇ ಮರುಕಟ್ಟುವ ಹವಣಿಕೆಯದ್ದಾಗಿದೆ. ವಿಜ್ಞಾನ, ತಂತ್ರಜ್ಞಾನ, ಸಮಾಜಗಳ ಕುರಿತು ನಮ್ಮ ಮೊಬೈಲುಗಳಲ್ಲಿ ಹಗಲಿರುಳೂ ನಡೆಯುವ ವಾಗ್ವಾದಗಳನ್ನು ಈವರೆಗಿನ ವಿದ್ವತ್ ವಲಯವು ‘ಜಗಳ’ ಎಂಬ ಸರಳೀಕೃತ ಪರಿಕಲ್ಪನೆಯಡಿ ಗ್ರಹಿಸಿ ಕೈತೊಳೆದುಕೊಂಡಿದೆ. ಇದು ಯಜಮಾನಿಕೆಯ ಗ್ರಹಿಕೆ. ಜಗಳಕ್ಕೆ ಕಾರಣ ಬೇಕು, ಇವಕ್ಕೆ ಬೇಕಿಲ್ಲ. ಆದ್ದರಿಂದ ಇವನ್ನು ಶಾಸ್ತ್ರವೆಂದೇ ಪರಿಭಾವಿಸತಕ್ಕದ್ದು. ಶಾಸ್ತ್ರವೆಂದ ಮೇಲೆ ಲಕ್ಷಣ ಬೇಕು, ಲಕ್ಷಣಕ್ಕೆ ಭೇದ ಬೇಕು, ಭೇದಕ್ಕೆ ಉಪಭೇದ ಬೇಕು, ಉಪಭೇದಕ್ಕೊಂದು ರಾಷ್ಟ್ರೀಯ ವಿಚಾರ ಸಂಕಿರಣ ಬೇಕು, ಸಂಕಿರಣಕ್ಕೆ ಮಧ್ಯಾಹ್ನದ ಊಟ ಬೇಕು. ವ್ಯಾಪ್ತಿಯ ದೃಷ್ಟಿಯಿಂದ ಒಂದೇ ವಾದವನ್ನು ಎತ್ತಿಕೊಳ್ಳಲಾಗಿದೆ: ಪ್ರಾಚೀನ ಭಾರತದಲ್ಲಿ ವಿಮಾನ ಇತ್ತೇ, ಇರಲಿಲ್ಲವೇ? ಈ ವಾದದ ತವರು ಎಲೆಕ್ಟ್ರಾನಿಕ್ ಸಿಟಿಯ ಆಚೆಗಿರುವ ಆನೇಕಲ್ ಆದ್ದರಿಂದ ಕನ್ನಡಿಗರಿಗೆ ಇದರಲ್ಲಿ ಮೊದಲ ಹಕ್ಕಿದೆ. ಮಿತಿ ಒಂದೇ, ಸಂಶೋಧಕನ ಸಹನೆ. ಅದು ಎಲ್ಲಿ ತೀರುತ್ತದೆಂಬುದನ್ನು ಓದುಗರು ಪ್ರಬಂಧದಲ್ಲೇ ಗುರುತಿಸಬಹುದು.

2. ಆಕರ ಸಾಮಗ್ರಿ

‘ವೈಮಾನಿಕ ಶಾಸ್ತ್ರ’ ಎಂಬ ಸಂಸ್ಕೃತ ಪುಸ್ತಕವನ್ನು ಭರದ್ವಾಜ ಮಹರ್ಷಿಗಳು ರಚಿಸಿದರೆಂಬುದು ಒಂದು ಪಕ್ಷ. ಸಂಗತಿಗಳು ಇಷ್ಟು: ಆನೇಕಲ್‌ನಲ್ಲಿದ್ದ ಪಂಡಿತ ಸುಬ್ಬರಾಯ ಶಾಸ್ತ್ರಿಗಳು (1866–1940) ತಮಗೆ ಅಂತರ್ದೃಷ್ಟಿಯಿಂದ ಹೊಳೆಯಿತೆಂದು ಈ ಶ್ಲೋಕಗಳನ್ನು 1918ರಿಂದ 1923ರವರೆಗೆ ಹೇಳಿ ಬರೆಯಿಸಿದರು. ಎಲ್ಲಪ್ಪ ಎಂಬ ನಕ್ಷೆಗಾರರು ಚಿತ್ರ ಬರೆದುಕೊಟ್ಟರು. ಮೈಸೂರಿನ ಜಿ. ಆರ್. ಜೋಸ್ಯರ್ 1973ರಲ್ಲಿ ಇಂಗ್ಲಿಷ್ ಅನುವಾದ ಸಮೇತ ಅಚ್ಚು ಹಾಕಿಸಿದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು ಇಂದಿನ ಶಾಸ್ತ್ರಕ್ಕೆ ತೀರ ವಿರುದ್ಧವಾದ ಒಂದು ಕೆಲಸ ಮಾಡಿದರು: ಪುಸ್ತಕವನ್ನು ಓದಿದರು. ಭಾಷೆ, ಛಂದಸ್ಸು ನೋಡಿದರು; ಕೃತಿಯ ಸುತ್ತಮುತ್ತಲಿದ್ದವರನ್ನು ವಿಚಾರಿಸಿದರು; ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳನ್ನು ಒಂದೊಂದಾಗಿ ತೆಗೆದುಕೊಂಡು ಇವು ಮೇಲೇಳಬಲ್ಲವೇ ಎಂದು ಒರೆಗೆ ಹಚ್ಚಿದರು. ಏಳಲಾರವು, ಮುಂದಕ್ಕೆ ತಳ್ಳಬೇಕಾದ ಏರ್ಪಾಡೇ ಹಾರಾಟಕ್ಕೆ ಅಡ್ಡ ಬರುವಂತಿದೆ, ಕೃತಿ ವೇದಕಾಲದ್ದಲ್ಲ, 20ನೇ ಶತಮಾನದ ಆರಂಭದ್ದು ಎಂದು ಷರಾ ಬರೆದರು. ರೈಟ್ ಸಹೋದರರು ಹಾರಿದ್ದು 1903ರ ಡಿಸೆಂಬರ್ 17ರಂದು ಎಂಬುದನ್ನು ನೆನೆದರೆ ಕಾಲಾನುಕ್ರಮ ಯಾರಿಗಾದರೂ ಅರ್ಥವಾಗುತ್ತದೆ. ಇಲ್ಲಿಗೆ ವಾದ ಮುಗಿಯಬೇಕಿತ್ತು. ಆದರೆ ಮುಗಿದುಹೋಗುವ ವಾದದಿಂದ ಶಾಸ್ತ್ರ ಬೆಳೆಯುವುದು ಹೇಗೆ? 2015ರ ಜನವರಿಯಲ್ಲಿ ಮುಂಬೈಯ 102ನೇ ಭಾರತೀಯ ವಿಜ್ಞಾನ ಕಾಂಗ್ರೆಸ್‌ನ ವೇದಿಕೆಯಲ್ಲಿ ಪ್ರಾಚೀನ ವಿಮಾನಗಳು ಗ್ರಹದಿಂದ ಗ್ರಹಕ್ಕೂ ಹಾರುತ್ತಿದ್ದವು, ಹಿಂದಕ್ಕೂ ಹಾರುತ್ತಿದ್ದವು ಎಂಬ ಪ್ರತಿಪಾದನೆ ಕೇಳಿಬಂತು. ಹಿಂದಕ್ಕೆ ಹಾರುವ ಸಾಮರ್ಥ್ಯದ ಬಗ್ಗೆ ಪ್ರಸ್ತುತ ಅಧ್ಯಯನಕ್ಕೆ ಯಾವ ಸಂದೇಹವೂ ಇಲ್ಲ. ಅಂದಿನಿಂದ ಈ ವಾದ ಹಾರುತ್ತಿರುವುದೇ ಆ ದಿಕ್ಕಿನಲ್ಲಿ.

3. ಪ್ರಮಾಣ ವಿಚಾರ

ತರ್ಕಶಾಸ್ತ್ರದ ಪ್ರಾಚೀನ ಗ್ರಂಥವಾದ ಗೌತಮನ ನ್ಯಾಯಸೂತ್ರ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು, ಅಂದರೆ ನಿಜವನ್ನು ತಿಳಿಯುವ ದಾರಿಗಳನ್ನು, ಹೇಳಿ ನಿಂತುಬಿಟ್ಟಿತು. ಐದನೆಯದನ್ನು ನಮ್ಮ ಕಾಲ ಕಂಡುಕೊಂಡಿದೆ: ದ್ವಿಬಾಣ ಪ್ರಮಾಣ. ವಾಟ್ಸ್ಆಪ್ ಸಂದೇಶವೊಂದು ಕೈಯಿಂದ ಕೈಗೆ ದಾಟುತ್ತ ಐದು ಹಂತ ಮುಟ್ಟಿದಾಗ ಅದರ ನೆತ್ತಿಯ ಮೇಲೆ ಎರಡು ಬಾಣಗಳು ಮೂಡುತ್ತವೆ. ಕಂಪನಿ ಇದನ್ನು ತಂದದ್ದು ‘ಇದು ಎಲ್ಲಿಂದಲೋ ಬಂದದ್ದು, ಹುಷಾರು’ ಎಂದು ಎಚ್ಚರಿಸಲು. ಲೋಕ ಅದನ್ನು ಐಎಸ್‌ಐ ಮುದ್ರೆಯಂತೆ ಸ್ವೀಕರಿಸಿತು. ಒಂದು ಮಾದರಿಯನ್ನು ಹತ್ತಿರದಿಂದ ನೋಡೋಣ. ಬೆಳಗಿನ ಆರು ಗಂಟೆ. ಇಬ್ಬನಿ ಕೂತ ಕಮಲದ ಮೇಲೆ ಶುಭೋದಯ. ಅದರ ಕೆಳಗೆ ಎಲ್ಲಪ್ಪನವರ ರುಕ್ಮ ವಿಮಾನದ ಚಿತ್ರ, ಮೇಲೆ ಹೋದಂತೆ ಚೂಪಾಗುವ ಅಂತಸ್ತುಗಳು. ಅದರ ಕೆಳಗೆ ‘ನಾಸಾ ಕೊನೆಗೂ ಒಪ್ಪಿಕೊಂಡಿದೆ’. ನಾಸಾ ಯಾವಾಗ, ಯಾರ ಮುಂದೆ ಒಪ್ಪಿಕೊಂಡಿತೆಂಬ ವಿವರ ಇರುವುದಿಲ್ಲ. ತಡವಾಗಿ ಒಪ್ಪಿಕೊಂಡಿತೆಂಬ ಬೇಸರ ಮಾತ್ರ ಇರುತ್ತದೆ. ಕೊನೆಯಲ್ಲಿ ಕೈಮುಗಿದ ಮೂರು ಚಿತ್ರ, ‘ಹೆಮ್ಮೆ ಇದ್ದರೆ ಹತ್ತು ಜನಕ್ಕೆ ಕಳಿಸಿ, ಇಲ್ಲದಿದ್ದರೆ ಸುಮ್ಮನಿರಿ’. ನೈಯಾಯಿಕರ ಶಬ್ದಪ್ರಮಾಣಕ್ಕೆ ಆಪ್ತನ ಮಾತೇ ಆಧಾರ. ಆಪ್ತನೆಂದರೆ ವಿಷಯವನ್ನು ತಾನು ಕಂಡು ತಿಳಿದು, ತಿಳಿದದ್ದನ್ನು ತಿಳಿದಂತೆ ಹೇಳಬಯಸುವವನು. ಈಗ ಆಪ್ತನೆಂದರೆ ಭಾವಮೈದುನ. 2016ರ ನವೆಂಬರ್‌ನಲ್ಲಿ 2000 ರೂಪಾಯಿ ನೋಟಿನೊಳಗೆ ನ್ಯಾನೋ ಚಿಪ್ ಇದೆ, ಭೂಮಿಯೊಳಗೆ ಹೂತಿಟ್ಟರೂ ಉಪಗ್ರಹಕ್ಕೆ ಕಾಣುತ್ತದೆ ಎಂದವರೂ, 2021ರ ಮೇ ತಿಂಗಳಲ್ಲಿ ಕೊರೊನಾಕ್ಕೆ 5ಜಿ ಟವರ್ ಕಾರಣ ಎಂದವರೂ ಈ ಆಪ್ತವರ್ಗಕ್ಕೇ ಸೇರಿದವರು. ಆ ಮೇ ತಿಂಗಳಲ್ಲಿ ದೇಶದ ಎಲ್ಲೂ 5ಜಿ ಪರೀಕ್ಷೆ ಕೂಡ ಶುರುವಾಗಿರಲಿಲ್ಲ ಎಂದು ದೂರಸಂಪರ್ಕ ಇಲಾಖೆ ಹೇಳಿತು. ಇಲ್ಲದ ಟವರು ಇದ್ದ ರೋಗ ಹರಡಿತು! ಇಂಥ ಕಾರಣ-ಕಾರ್ಯ ಸಂಬಂಧವನ್ನು ಗೌತಮ ಕನಸಿನಲ್ಲೂ ಕಂಡಿರಲಾರ.

4. ನಿಗ್ರಹಸ್ಥಾನಗಳ ವರ್ಗೀಕರಣ

ನಮ್ಮ ಪೂರ್ವಿಕರಿಗೆ ಎಲ್ಲವೂ ಗೊತ್ತಿತ್ತು ಎಂಬ ಮಾತನ್ನು ಈ ಪ್ರಬಂಧ ಒಂದು ವಿಷಯದಲ್ಲಿ ಸಂಪೂರ್ಣ ಒಪ್ಪುತ್ತದೆ. ಮೊಬೈಲಿನಲ್ಲಿ ನಾವು ಹೇಗೆ ವಾದಿಸುತ್ತೇವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನ್ಯಾಯಸೂತ್ರದ ಐದನೆಯ ಅಧ್ಯಾಯ 22 ನಿಗ್ರಹಸ್ಥಾನಗಳನ್ನು, ಅಂದರೆ ‘ನೀನು ಸೋತೆ, ಇನ್ನು ಕೂತುಕೋ’ ಎಂದು ಹೇಳಬಹುದಾದ ಜಾಗಗಳನ್ನು ಪಟ್ಟಿ ಮಾಡುತ್ತದೆ. ಪ್ರತಿಜ್ಞಾಂತರ: ಮೊದಲು ಹೇಳಿದ್ದು ನಿಲ್ಲದಿದ್ದಾಗ ಮೆಲ್ಲನೆ ಬೇರೊಂದನ್ನು ಹೇಳುವುದು. ‘ವಿಮಾನ ಇತ್ತು’ ಎಂದು ಹೊರಟವನು ‘ವಿಮಾನದ ಕಲ್ಪನೆಯಾದರೂ ಇತ್ತಲ್ಲ’ ಎಂಬಲ್ಲಿಗೆ ಇಳಿಯುವುದು ಇದೇ. ಲ್ಯಾಂಡಿಂಗ್ ಎಂದರೂ ನಡೆದೀತು. ಪ್ರತಿಜ್ಞಾಸಂನ್ಯಾಸ: ನಾನು ಹಾಗೆ ಹೇಳಿಯೇ ಇಲ್ಲ ಎನ್ನುವುದು. ಇದಕ್ಕೀಗ ‘ಎಲ್ಲರಿಗೂ ಡಿಲೀಟ್’ ಎಂಬ ಗುಂಡಿಯೇ ಇದೆ. ಮತಾನುಜ್ಞೆ: ತನ್ನ ಮೇಲಿನ ದೋಷಕ್ಕೆ ಉತ್ತರ ಕೊಡದೆ ಎದುರಾಳಿಯಲ್ಲೂ ಅದೇ ದೋಷವಿದೆ ಎನ್ನುವುದು. ‘ಆಗ ಎಲ್ಲಿ ಹೋಗಿದ್ರಿ ಸ್ವಾಮಿ?’ ಎಂಬ ಪ್ರಸಿದ್ಧ ವಾಕ್ಯದ ಶಾಸ್ತ್ರೀಯ ನಾಮ ಅದು. ದೋಷವನ್ನು ಒಪ್ಪಿಕೊಂಡಂತಾಯಿತು, ಆದ್ದರಿಂದ ಸೋತಂತಾಯಿತು ಎಂಬುದು ಗೌತಮನ ತೀರ್ಪು. ವಿಕ್ಷೇಪ: ಸಿಕ್ಕಿಬೀಳುವ ಹೊತ್ತಿಗೆ ‘ಸ್ವಲ್ಪ ಕೆಲಸ ಇದೆ, ಆಮೇಲೆ ಬರ್ತೀನಿ’ ಎಂದು ಎದ್ದುಹೋಗುವುದು. ಪುನರುಕ್ತವನ್ನು ವಿವರಿಸಬೇಕಿಲ್ಲ, ಅದು ನಾಳೆ ಬೆಳಗ್ಗೆ ಆರಕ್ಕೆ ತಾನೇ ಬರುತ್ತದೆ. ಇನ್ನು ಅವಿಜ್ಞಾತಾರ್ಥ: ಮೂರು ಸಲ ಹೇಳಿದರೂ ಸಭೆಗಾಗಲಿ ಎದುರಾಳಿಗಾಗಲಿ ಅರ್ಥವಾಗದಂತೆ ಮಾತಾಡುವುದು. ಪ್ರಾಮಾಣಿಕತೆಯ ದೃಷ್ಟಿಯಿಂದ ಹೇಳಲೇಬೇಕು, ಈ ಪ್ರಬಂಧದ ಮೊದಲ ವಾಕ್ಯ ಸೋತದ್ದು ಇಲ್ಲಿ. ಅದರ ಜೊತೆಗೆ ‘ಸಂಕಥನ’, ‘ಅನುಸಂಧಾನ’, ‘ಬಹುತ್ವದ ನೆಲೆ’ ಎಂದು ಬರೆದು ಬದುಕಿದ ನಮ್ಮ ವಿದ್ವಾಂಸರಲ್ಲಿ ಅರ್ಧ ಜನರೂ ಸೋತರು. ನಾಲ್ಕು ಜನಕ್ಕೆ ತಿಳಿಯುವಂತೆ ‘ಇದು ಸುಳ್ಳು, ಯಾಕೆಂದರೆ ಹೀಗೆ’ ಎಂದು ಅವರು ಹೇಳಿದ್ದರೆ ಆ ಖಾಲಿ ಜಾಗದಲ್ಲಿ ರುಕ್ಮ ವಿಮಾನ ಬಂದಿಳಿಯುತ್ತಿರಲಿಲ್ಲ. ಉಳಿದ ಹದಿನಾರನ್ನು ಓದುಗರು ತಮ್ಮ ಫೋನಿನಲ್ಲೇ ಹುಡುಕಿಕೊಳ್ಳಲಿ. ವರ್ಗೀಕರಣ ಸಾಕು.

ಗೌತಮ ಮಾತುಕತೆಯನ್ನು ಮೂರು ಬಗೆ ಮಾಡಿದ್ದ. ನಿಜ ತಿಳಿಯಲು ಆಡುವುದು ವಾದ. ಗೆಲ್ಲಲು ಆಡುವುದು ಜಲ್ಪ. ತನ್ನದೊಂದು ಮಾತನ್ನೂ ಸ್ಥಾಪಿಸದೆ ಎದುರಿನವನದನ್ನು ಕೆಡವುವುದಷ್ಟೇ ಗುರಿಯಾದರೆ ವಿತಂಡ. ಜಲ್ಪ, ವಿತಂಡಗಳಿಗೂ ಅವನು ಒಂದು ಜಾಗ ಕೊಟ್ಟಿದ್ದಾನೆ: ಮೊಳಕೆಯನ್ನು ಕಾಯಲು ಸುತ್ತ ಮುಳ್ಳುಕೊಂಬೆ ಹಾಕುವಂತೆ, ತಿಳಿದ ನಿಜವನ್ನು ಕಾಯಲು ಅವು ಇರಲಿ ಎಂದ. ಇವತ್ತು ಎಲ್ಲೆಲ್ಲೂ ಮುಳ್ಳುಬೇಲಿ ಇದೆ; ಒಳಗೆ ಇಣುಕಿದರೆ ಮೊಳಕೆಯೇ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಇರುವುದಾದರೂ ಹೇಗೆ?

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ: ಇಷ್ಟಕ್ಕೆಲ್ಲ ಇಷ್ಟು ರಂಪ ಯಾಕೆ? ಯಾರೋ ನಿವೃತ್ತರು ಬೆಳಗ್ಗೆದ್ದು ಒಂದು ವಿಮಾನದ ಚಿತ್ರ ಕಳಿಸಿ ಹೆಮ್ಮೆಪಟ್ಟರೆ ಯಾರ ಗಂಟು ಹೋಯಿತು? ವಿಮಾನದ ಚಿತ್ರದಿಂದ ಯಾರ ಗಂಟೂ ಹೋಗಿಲ್ಲ, ನಿಜ. ಆದರೆ ಬಂದದ್ದನ್ನು ನೋಡದೆ ದಾಟಿಸುವ ಬೆರಳಿಗೆ ವಿಮಾನ ಯಾವುದು, ವಿಷ ಯಾವುದು ಎಂಬ ಭೇದ ಗೊತ್ತಿರುವುದಿಲ್ಲ. 2018ರ ಬೇಸಿಗೆಯಲ್ಲಿ ಅದೇ ಬೆರಳುಗಳು ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸಂದೇಶವನ್ನು ದಾಟಿಸಿದವು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ದುಡಿಯಲು ಬಂದಿದ್ದ ರಾಜಸ್ಥಾನದ ಒಬ್ಬನನ್ನು ಕಟ್ಟಿ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವ ಇಂಜಿನಿಯರ್ ಒಬ್ಬ ಹೆಣವಾದ. ಅವನೂ ಅವನ ಗೆಳೆಯರೂ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಅವರ ಕಾರಿಗಿಂತ ಮೊದಲು ಅವರ ವಿಡಿಯೋ ಮುಂದಿನ ಊರು ತಲುಪಿತ್ತು. ಆ ಗುಂಪಿನಲ್ಲಿ ಒಬ್ಬನಾದರೂ ‘ಯಾರು ಕಂಡದ್ದು? ಯಾವ ಮಗು ಕಳೆದುಹೋಗಿದೆ?’ ಎಂದು ಕೇಳಿದ್ದರೆ ಸಾಕಿತ್ತು. ಅದು ನ್ಯಾಯಶಾಸ್ತ್ರವೂ ಅಲ್ಲ, ವಿಜ್ಞಾನವೂ ಅಲ್ಲ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ತಿರುಗಿಸಿ ನೋಡುತ್ತೇವಲ್ಲ, ಅಷ್ಟು ಬುದ್ಧಿ. ಬದನೆಕಾಯಿಗೆ ಕೊಡುವ ಮರ್ಯಾದೆಯನ್ನು ಒಂದು ಮನುಷ್ಯ ಜೀವಕ್ಕೆ ಕೊಡಲಿಲ್ಲ. ಇದರಲ್ಲಿ ಅಣಕಿಸುವುದಕ್ಕೆ ಏನೂ ಇಲ್ಲ. ಆಮೇಲೆ ವಾಟ್ಸ್ಆಪ್ ಕಂಪನಿ ಒಂದು ಸಲಕ್ಕೆ ಐದೇ ಕಡೆ ಕಳಿಸಬಹುದೆಂದು ಮಿತಿ ಹಾಕಿತು. ಮಿತಿ ಬೆರಳಿಗೆ ಬಿತ್ತು. ಕೇಳುವ ನಾಲಿಗೆ ಹುಟ್ಟಲಿಲ್ಲ.

ಎರಡನೆಯ ಪೂರ್ವಪಕ್ಷ: ವಿಜ್ಞಾನಿಗಳು ತಪ್ಪು ಮಾಡಿಲ್ಲವೇ? ಮಾಡಿದ್ದಾರೆ, ಧಾರಾಳವಾಗಿ. ಭೂಮಿ ತಿರುಗುತ್ತದೆಂದು ಆರ್ಯಭಟ 499ರ ಹೊತ್ತಿಗೆ ಹೇಳಿದ. ತಿರುಗಿದರೆ ಎತ್ತರದ ವಸ್ತುಗಳು ಉರುಳಿಬೀಳಬೇಕಲ್ಲ ಎಂದು 628ರಲ್ಲಿ ಬ್ರಹ್ಮಗುಪ್ತ ಕೇಳಿದ. ಬ್ರಹ್ಮಗುಪ್ತ ಆ ವಿಷಯದಲ್ಲಿ ತಪ್ಪಿದ್ದ. ಆದರೆ ಅವನು ಎದುರಾಳಿಯನ್ನು ಓದಿದ್ದ, ಆಕ್ಷೇಪವನ್ನು ಬರೆದಿಟ್ಟಿದ್ದ, ಯಾರು ಬೇಕಾದರೂ ತಿರುಗಿ ಪರಿಶೀಲಿಸುವಂತೆ ಬಿಟ್ಟುಹೋಗಿದ್ದ. ಹೆಮ್ಮೆಪಡಲೇಬೇಕೆಂದಿದ್ದರೆ ಈ ಜಗಳಕ್ಕೆ ಹೆಮ್ಮೆಪಡಬಹುದು. ಆನೇಕಲ್‌ನ ಶಾಸ್ತ್ರಿಗಳು ತೀರಿಕೊಂಡ 1940ರಲ್ಲೇ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರುವಾಯಿತು. ಮರುವರ್ಷ ಅಲ್ಲಿ ಜೋಡಿಸಿದ ವಿಮಾನ ನಿಜವಾಗಿಯೂ ಮೇಲೆದ್ದಿತು. ಅದರ ಚಿತ್ರವನ್ನು ಬೆಳಗಿನ ಆರಕ್ಕೆ ಯಾರೂ ಕಳಿಸುವುದಿಲ್ಲ. ಬೆವರು ಸುರಿಸಿ ಕಟ್ಟಿದ್ದಕ್ಕಿಂತ ಹೊಳೆದದ್ದೇ ನಮಗೆ ದೊಡ್ಡದು. ಓದದೆ ಮಾತಾಡುವ ಚಾಳಿ ಇನ್ನೊಂದು ಪಕ್ಷಕ್ಕೂ ಇದೆ. ವಿಜ್ಞಾನ ಸಂಸ್ಥೆಯ ಅಧ್ಯಯನದ ಹೆಸರು ಹೇಳಿ ‘ಮೂಢರು’ ಎಂದು ಗದರುವ ವಿಚಾರವಾದಿಗಳೂ ಆ ಲೇಖನವನ್ನು ಓದಿದವರಂತೆ ತೋರುವುದಿಲ್ಲ. ಓದಿದ್ದರೆ, ಆ ಐವರು ಗದರದೆ ಲೆಕ್ಕ ಹಾಕಿ ತೋರಿಸಿದರೆಂಬುದು ತಿಳಿಯುತ್ತಿತ್ತು.

ಮೂರನೆಯ ಆಕ್ಷೇಪವನ್ನು ಹಗುರವಾಗಿ ತಳ್ಳುವಂತಿಲ್ಲ. ಈ ವಾದಶಾಸ್ತ್ರ ಯಾರದ್ದು? ಅಂಥ ವಾದ ನಡೆಯುತ್ತಿದ್ದ ಸಭೆಯೊಳಗೆ ಹೆಚ್ಚಿನವರಿಗೆ ಕಾಲಿಡಲು ಬಿಟ್ಟಿದ್ದರೇ? ಬಿಟ್ಟಿರಲಿಲ್ಲ. ಬಿಟ್ಟಾಗಲೂ ಬೆದರಿಕೆ ಇತ್ತು: ಜನಕನ ಸಭೆಯಲ್ಲಿ ಗಾರ್ಗಿ ಒಂದರ ಮೇಲೊಂದು ಪ್ರಶ್ನೆ ಕೇಳಿದಾಗ, ಮಿತಿಮೀರಿ ಕೇಳಬೇಡ, ತಲೆ ಉದುರೀತು ಎಂದು ಯಾಜ್ಞವಲ್ಕ್ಯ ಹೇಳಿದ್ದು ಬೃಹದಾರಣ್ಯಕದಲ್ಲೇ ಇದೆ. ಇವತ್ತು ಪ್ರಶ್ನೆ ಕೇಳಿದ ಹೆಣ್ಣುಮಕ್ಕಳ ಇನ್‌ಬಾಕ್ಸಿಗೆ ಬರುವ ಬೆದರಿಕೆಗಳಿಗೆ ವಂಶಾವಳಿ ಬೇಕಿದ್ದರೆ ಅಲ್ಲಿಂದ ಹಿಡಿಯಬಹುದು. ಆದರೆ ಅದೇ ಉಪನಿಷತ್ತಿನಲ್ಲಿ ಗಾರ್ಗಿ ಸ್ವಲ್ಪ ಹೊತ್ತಿನ ನಂತರ ಮತ್ತೆ ಎದ್ದು ನಿಂತು ಎರಡು ಪ್ರಶ್ನೆ ಕೇಳುತ್ತಾಳೆ; ಉತ್ತರ ಸರಿಯೆನಿಸಿದಾಗ ಇವನನ್ನು ಯಾರೂ ಗೆಲ್ಲಲಾರಿರಿ ಎಂದು ಸಭೆಗೆ ಹೇಳುತ್ತಾಳೆ. ಆ ಸಭೆಯಲ್ಲಿ ದೊಡ್ಡ ಮಾತಾಡಿದ್ದು ಬೆದರಿಸಿದವನಲ್ಲ, ಕೇಳಿ ಒಪ್ಪಿಕೊಂಡವಳು. ಬಾಗಿಲು ಮುಚ್ಚಿದ್ದು ಆ ಸಭೆಯ ನಾಚಿಕೆ, ನಿಯಮದ್ದಲ್ಲ. ಈಗ ಬಾಗಿಲು ಎಲ್ಲರ ಅಂಗೈಯಲ್ಲೇ ತೆರೆದಿದೆ; ನಿಯಮವನ್ನು ಮಾತ್ರ ಹೊರಗೆ ನಿಲ್ಲಿಸಿದ್ದೇವೆ.

ಕೊನೆಗೆ ವಿಮಾನದ ಮಾತು. ಪ್ರಾಚೀನ ಗ್ರಂಥಗಳಲ್ಲಿ ವಿಮಾನವನ್ನು ಹುಡುಕಲೇಬೇಕೆಂದು ಹಟವಿರುವವರಿಗೆ ಈ ಪ್ರಬಂಧ ಒಂದು ವಿಳಾಸ ಕೊಡುತ್ತದೆ. ಚರಕಸಂಹಿತೆಯ ಮೂರನೆಯ ಭಾಗದ ಹೆಸರು ವಿಮಾನಸ್ಥಾನ. ಅಲ್ಲಿ ರೆಕ್ಕೆ, ಇಂಜಿನ್ ಯಾವುದೂ ಇಲ್ಲ. ಆ ವಿಮಾನಕ್ಕೆ ಅಳತೆ ಎಂದು ಅರ್ಥ. ಅದರ ಎಂಟನೆಯ ಅಧ್ಯಾಯದಲ್ಲಿ ವೈದ್ಯರು ಪರಸ್ಪರ ಹೇಗೆ ಚರ್ಚಿಸಬೇಕೆಂಬ ವಿವರವಿದೆ. ಸ್ನೇಹದ ಚರ್ಚೆ, ಹಗೆಯ ಚರ್ಚೆ ಎಂದು ಎರಡು ಬಗೆ ಮಾಡಿ, ಸ್ನೇಹದ ಚರ್ಚೆಗೆ ಚರಕ ಹೇಳುವುದು ಇಷ್ಟು: ನಂಬಿಕೆಯಿಂದ ಮಾತಾಡು, ನಂಬಿಕೆಯಿಂದ ಕೇಳು, ಸೋಲಿಗೆ ಹೆದರಬೇಡ, ಸೋಲಿಸಿ ಹಿಗ್ಗಬೇಡ, ಗೆದ್ದೆನೆಂದು ನಾಲ್ಕು ಜನರ ಮುಂದೆ ಕೊಚ್ಚಿಕೊಳ್ಳಬೇಡ, ನಿನಗೆ ಗೊತ್ತಿಲ್ಲದ್ದನ್ನು ವಿವರಿಸಲು ಹೋಗಬೇಡ. ಕಾಯಿಲೆ ಬಿದ್ದವನ ಜೀವ ಆ ಚರ್ಚೆಯ ಮೇಲೆ ನಿಂತಿದೆಯೆಂದು ಬಲ್ಲವರು ಬರೆದ ನಿಯಮವಿದು. ಆಯುರ್ವೇದ ಓದುವವರಿಗೆಲ್ಲ ಈ ಪುಸ್ತಕ ಪಠ್ಯ, ಅಂಗಡಿಯಲ್ಲೂ ಸಿಗುತ್ತದೆ. ನಾಳೆ ಬೆಳಗ್ಗೆ ಆರಕ್ಕೆ ಎರಡು ಬಾಣದ ಯಾವುದಾದರೂ ಸಂದೇಶ ಬಂದಾಗ ದಯವಿಟ್ಟು ಒಂದು ಕೆಲಸ ಮಾಡಿ: ಕಳಿಸಿದವರನ್ನು ‘ಇದು ನಿಮಗೆ ಹೇಗೆ ಗೊತ್ತಾಯ್ತು?’ ಎಂದು ಕೇಳಿ. ಮೆತ್ತಗೆ ಕೇಳಿ. ಅವರು ಮರುಪ್ರಶ್ನೆ ಹಾಕಿದಾಗ ನಿಮ್ಮ ಬಳಿ ಉತ್ತರವಿಲ್ಲದಿದ್ದರೆ ‘ಗೊತ್ತಿಲ್ಲ’ ಎನ್ನಿ.