ಶ್ರೀಮದೇಳುದಿನದ ಸಾಲಪ್ರಭುಗಳಿಗೆ ಬಿನ್ನವತ್ತಳೆ

ಸ್ವಸ್ತಿ ಶ್ರೀಮನ್ಮಹಾ ಬಡ್ಡಿಮಂಡಲೇಶ್ವರ, ಕಂತುಚಕ್ರವರ್ತಿ, ಬಡವೆಂತೆಂಬರಗಂಡ, ಸಪ್ತದಿನಾಂತಕ, ಸಂಪರ್ಕಪಟ್ಟಿ ಸೂರೆಕಾರ, ಸೇವಾಶುಲ್ಕ ಪೂರ್ವಗ್ರಾಹಿ, ಮಿಸ್ಡ್ ಕಾಲ್ ಮಾರ್ತಾಂಡ, ಜಿಎಸ್‌ಟಿ ಪ್ರತ್ಯೇಕ ಪರಮೇಶ್ವರ ಎಂಬಿವೇ ಮೊದಲಾದ ಬಿರುದಾವಳಿಗಳಿಂದ ಶೋಭಿಸುವ, ಮೊಬೈಲ್ ಪರದೆಯನ್ನೇ ಸಿಂಹಾಸನ ಮಾಡಿಕೊಂಡು ಊರು, ಬಾಗಿಲು, ಬೋರ್ಡು ಯಾವುದೂ ಇಲ್ಲದೆಯೇ ರಾಜ್ಯಭಾರ ನಡೆಸುವ ಏಳು ದಿನದ ಸಾಲದ ಆಪ್ ಮಹಾಪ್ರಭುಗಳಿಗೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ಸೀಮೆಗಳ ಸಾಲಗಾರರ ಪರವಾಗಿ ಹೊಸ ಅಗ್ರಹಾರದಲ್ಲಿ ಸಮರ್ಪಿಸಲಾಗುವ ಬಿನ್ನವತ್ತಳೆ ಇದು. ವೇದಿಕೆಯನ್ನು ಅಲಂಕರಿಸಿರುವ ಅವರ ಸೋದರಮಾವಂದಿರಾದ ಮೀಟರ್ ಬಡ್ಡಿಯವರಿಗೂ, ಚಿಕ್ಕಮ್ಮನವರಾದ ಗುಂಪು ಸಾಲದವರಿಗೂ, ಆಸ್ಥಾನದ ಕರಣಿಕರಾದ ಆಟೋ ಡೆಬಿಟ್ ಅವರಿಗೂ ಯಥೋಚಿತ ವಂದನೆಗಳು ಸಲ್ಲುತ್ತವೆ (ಜಿಎಸ್‌ಟಿ ಪ್ರತ್ಯೇಕ).

ಸನ್ಮಾನಿತರ ಗಣಿತ ಪಾಂಡಿತ್ಯವನ್ನು ಮೊದಲು ಕೊಂಡಾಡುವುದು ಉಚಿತ. ಐದು ಸಾವಿರ ರೂಪಾಯಿ ಸಾಲವೆಂದು ಪರದೆಯ ಮೇಲೆ ಬರೆದು, ಪ್ರೊಸೆಸಿಂಗ್ ಫೀ ಎಂಬ ಹೆಸರಿನಲ್ಲಿ, ಅಂದರೆ ಅರ್ಜಿಯನ್ನು ಕಣ್ಣೆತ್ತಿ ನೋಡಿದ ಶ್ರಮಕ್ಕೆ, 1,500 ರೂಪಾಯಿಯನ್ನು ಮೊದಲೇ ಹಿಡಿದುಕೊಂಡು, ಉಳಿದ 3,500ನ್ನು ಖಾತೆಗೆ ಹಾಕಿ, ಏಳನೆಯ ದಿನ ಪೂರ್ತಿ 5,000 ಕೇಳುವ ಒಂದು ವ್ಯವಹಾರವನ್ನು ಉದಾಹರಣೆಗೆ ತೆಗೆದುಕೊಂಡರೆ, ಕೈಗೆ ಬಂದ ಹಣದ ಮೇಲೆ ಒಂದೇ ವಾರಕ್ಕೆ ಬಿದ್ದ ಬಡ್ಡಿ ಶೇಕಡ 42ನ್ನು ಮೀರುತ್ತದೆ, ಅದನ್ನೇ ವರ್ಷಕ್ಕೆ ಹರಡಿದರೆ ಶೇಕಡ 2,200ನ್ನು ದಾಟುತ್ತದೆ. ಕರ್ನಾಟಕದಲ್ಲಿ 1961ರ ಅಧಿನಿಯಮದಡಿ ಲೈಸೆನ್ಸ್ ಪಡೆದ ಲೇವಾದೇವಿದಾರನು ಅಡಮಾನವಿದ್ದರೆ ವರ್ಷಕ್ಕೆ ಶೇಕಡ 14, ಇಲ್ಲದಿದ್ದರೆ ಶೇಕಡ 16ಕ್ಕಿಂತ ಹೆಚ್ಚು ಬಡ್ಡಿ ಪಡೆಯುವಂತಿಲ್ಲವೆಂಬ ಹಳೆಯ ಕಟ್ಟಳೆಯನ್ನು ನೆನೆದರೆ ಈ ಸಾಧನೆಯ ಎತ್ತರ ತಿಳಿದೀತು. ನೂರಕ್ಕೆ ತಿಂಗಳಿಗೆ ಹತ್ತು ರೂಪಾಯಿ ಬಡ್ಡಿ ಎನ್ನುವ ಮೀಟರ್ ಬಡ್ಡಿಯ ಸೋದರಮಾವಂದಿರು ಕೂಡ ಸಾಧುಸಂತರಂತೆ ಕಾಣತೊಡಗಿರುವುದು ಸನ್ಮಾನಿತರ ಮೊದಲ ಸಾಮಾಜಿಕ ಕೊಡುಗೆ. ಇವರ ವಂಶ ಎಷ್ಟು ವಿಸ್ತಾರವಾದುದೆಂದರೆ, ಭಾರತೀಯ ರಿಸರ್ವ್ ಬ್ಯಾಂಕಿನ ಕಾರ್ಯತಂಡವು 2021ರ ಮೊದಲ ಎರಡು ತಿಂಗಳಲ್ಲಿ ಕಂಡ ಸುಮಾರು 1,100 ಸಾಲದ ಆಪ್‌ಗಳಲ್ಲಿ 600ರಷ್ಟು ಕಾನೂನುಬಾಹಿರವೆಂದು ಎಣಿಸಿತ್ತು.

ಮಹಾಪ್ರಭುಗಳು ಈ ನಾಲ್ಕು ಸೀಮೆಗಳನ್ನು ಮೆಚ್ಚಿದ್ದಕ್ಕೆ ಕಾರಣಗಳಿವೆ. ಇಲ್ಲಿಯ ಹೊಗೆಸೊಪ್ಪಿನ ಬೆಳೆಗಾರನಿಗೆ ಗೊಬ್ಬರ, ಆಳು, ಬ್ಯಾರನ್ನಿನ ಸೌದೆ, ಅಂದರೆ ಸೊಪ್ಪನ್ನು ಬೇಯಿಸಿ ಹದಮಾಡುವ ಮನೆಯ ಉರುವಲು, ಇವೆಲ್ಲವೂ ಮುಂಗಾರಿನಲ್ಲಿಯೇ ಬೇಕು. ಹಣ ಕೈಗೆ ಬರುವುದು ಮಾತ್ರ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳ ಹರಾಜು ಕಟ್ಟೆಯಲ್ಲಿ ಬೇಲು ಮಾರಾಟವಾದ ಮೇಲೆ, ಅದೂ ಬ್ಯಾಂಕಿನ ಬೆಳೆಸಾಲ ಕಳೆದು. ನಡುವಿನ ತಿಂಗಳುಗಳಲ್ಲಿ ಶಾಲೆಯ ಫೀಸು ಬಂದರೆ, ಆಸ್ಪತ್ರೆಯ ಬಿಲ್ಲು ಬಂದರೆ, ಗುಂಪು ಸಾಲದ ವಾರದ ಕಂತಿನ ದಿನ ಬಂದರೆ, ಜಾಮೀನು ಕೇಳದ, ಮುಖ ನೋಡದ, ಐದು ನಿಮಿಷದಲ್ಲಿ ಹಣ ಹಾಕುವ ಮಹಾಪ್ರಭುಗಳು ಅಂಗೈಯಲ್ಲಿಯೇ ಪ್ರತ್ಯಕ್ಷರಾಗುತ್ತಾರೆ. ಗುಂಪು ಸಾಲವೆಂದರೆ ಐದಾರು ಹೆಂಗಸರು ಒಬ್ಬರಿಗೊಬ್ಬರು ಹೊಣೆಯಾಗಿ ಪಡೆಯುವ ಕಿರುಸಾಲ. ಒಬ್ಬಳ ಕಂತು ತಪ್ಪಿದರೆ ಉಳಿದವರು ಅವಳ ಜಗಲಿಯಿಂದ ಏಳುವಂತಿಲ್ಲ. ಹಾಗೆ ನೆರೆಯವರ ಎದುರು ತಲೆ ತಗ್ಗಿಸಲಾರದವಳು ಆಪ್‌ನಿಂದ ತಂದು ಗುಂಪಿಗೆ ಕಟ್ಟುತ್ತಾಳೆ, ಆಪ್‌ಗೆ ಕಟ್ಟಲು ಮತ್ತೊಂದು ಆಪ್ ಇಳಿಸುತ್ತಾಳೆ.

2025ರ ಜನವರಿಯಲ್ಲಿ ಮೈಸೂರು ಮತ್ತು ಚಾಮರಾಜನಗರ ಸೀಮೆಯ ಕುಟುಂಬಗಳು ವಸೂಲಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳು ಬಂದ ಮೇಲೆ ಸರ್ಕಾರವು ಕಿರುಸಾಲಗಳ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಸಿದ್ಧಪಡಿಸಿತು. ರಾಜ್ಯಪಾಲರು ಶಿಕ್ಷೆ ಅತಿಯಾಯಿತೆಂದು ಒಮ್ಮೆ ಹಿಂದಿರುಗಿಸಿ, ಫೆಬ್ರುವರಿ 12ರಂದು ಅಂಕಿತ ಹಾಕಿದರು. ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ ಎಂಬುದು ಅದರ ಸಾರ. ಚಿಕ್ಕಮ್ಮನವರು ಸ್ವಲ್ಪ ಕಾಲ ಬಾಗಿಲ ಬಳಿ ಮೆಲ್ಲಗೆ ಮಾತನಾಡಿದರು. ಬಾಗಿಲೇ ಇಲ್ಲದ ಸನ್ಮಾನಿತರಿಗೆ ಆ ತೊಂದರೆಯೂ ಇರಲಿಲ್ಲ.

ಈಗ ಆಸ್ಥಾನದ ಕರಣಿಕರ ಗುಣಗಾನ. ಆಟೋ ಡೆಬಿಟ್ ಎಂದರೆ ಗೊತ್ತಾದ ದಿನ ಗೊತ್ತಾದ ಮೊತ್ತವನ್ನು ತನ್ನ ಖಾತೆಯಿಂದ ಎಳೆದುಕೊಳ್ಳಲು ಸಾಲಗಾರನು ಮುಂಗಡವಾಗಿ ಕೊಟ್ಟ ಆದೇಶ. ನ್ಯಾಚ್ ಮ್ಯಾಂಡೇಟ್, ಯುಪಿಐ ಆಟೋಪೇ ಎಂಬವು ಅದರ ಬೇರೆ ಬೇರೆ ಅವತಾರಗಳು. ಖಾತೆಯಲ್ಲಿ ಹಣವಿಲ್ಲದ ದಿನ ಕರಣಿಕರು ಬಂದು ಬರಿಗೈಯಲ್ಲಿ ಹೋದರೆ ಅದನ್ನು ಬೌನ್ಸ್ ಎನ್ನುತ್ತಾರೆ. ಬೌನ್ಸ್ ಆದದ್ದಕ್ಕೆ ಬ್ಯಾಂಕು ಒಂದು ಶುಲ್ಕ ಹಾಕುತ್ತದೆ (ಜಿಎಸ್‌ಟಿ ಪ್ರತ್ಯೇಕ), ಸಾಲ ಕೊಟ್ಟವರು ಇನ್ನೊಂದು ಶುಲ್ಕ ಹಾಕುತ್ತಾರೆ, ಎರಡು ದಿನ ಬಿಟ್ಟು ಮತ್ತೆ ಪ್ರಯತ್ನಿಸಿ ಮತ್ತೆ ಬೌನ್ಸ್ ಮಾಡಿಸುತ್ತಾರೆ. ಹಣವಿಲ್ಲದವನಿಗೆ ಹಣವಿಲ್ಲದಿರುವುದಕ್ಕಾಗಿಯೇ ಹಣ ವಿಧಿಸುವ ಈ ಶಾಸ್ತ್ರವನ್ನು ಚಾಣಕ್ಯನೂ ಯೋಚಿಸಿರಲಿಲ್ಲ. ಮನೆಯೊಡತಿಯ ಖಾತೆಗೆ ಸರ್ಕಾರ ಹಣ ಹಾಕುವ ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿಯೇ ಉದ್ಘಾಟನೆಯಾಯಿತು. ಅದರ 2,000 ರೂಪಾಯಿ ಖಾತೆಗೆ ಬಿದ್ದ ಸದ್ದು ಮನೆಯೊಡತಿಗೆ ಕೇಳುವ ಮೊದಲೇ ಬಾಕಿ ಶುಲ್ಕಗಳೂ ಕಂತೂ ಅದನ್ನು ನೆಕ್ಕಿಬಿಟ್ಟಿರುತ್ತವೆ. ಅಕ್ಕಿಗೆಂದು ಬಂದ ಹಣ ಅದು. ಇಂಥದ್ದನ್ನು ತಂತ್ರಜ್ಞಾನವೆಂದು ಕರೆದು ಬೆನ್ನು ತಟ್ಟಿಕೊಳ್ಳುವವರಿಗೆ ನಾಚಿಕೆಯಾಗಬೇಕು. ಕ್ಷಮಿಸಬೇಕು, ಬಿನ್ನವತ್ತಳೆಯ ಓಲೆಯಲ್ಲಿ ಈ ವಾಕ್ಯ ಇರಲಿಲ್ಲ.

ಸಭೆಯ ಗಾಂಭೀರ್ಯಕ್ಕೆ ಭಂಗ ಬಂದರೂ ಇಲ್ಲಿ ಒಂದು ವಿವರ ಹೇಳದೆ ವಿಧಿಯಿಲ್ಲ. ಸಾಲಗಾರನು ನ್ಯಾಯಾಲಯಕ್ಕೋ, ಲೋಕ ಅದಾಲತ್ತಿಗೋ, ಬ್ಯಾಂಕಿನ ಒಂದೇ ಬಾರಿಯ ತೀರುವಳಿಗೋ ಹೋಗುವ ಮೊದಲು ತನ್ನ ಸಂಬಳ, ಕೂಲಿ, ಪಿಂಚಣಿ ಬೀಳುವ ಖಾತೆಯನ್ನು ಭದ್ರಪಡಿಸಿಕೊಳ್ಳಬೇಕು. 1872ರ ಕರಾರು ಅಧಿನಿಯಮದ 171ನೆಯ ಕಲಮು ಬ್ಯಾಂಕಿಗೆ ಸಾಮಾನ್ಯ ಹಿಡಿತದ ಹಕ್ಕು ಕೊಟ್ಟಿದೆ. ಸಾಲವೂ ಉಳಿತಾಯ ಖಾತೆಯೂ ಒಂದೇ ಬ್ಯಾಂಕಿನಲ್ಲಿದ್ದರೆ ಬ್ಯಾಂಕು ಖಾತೆಯ ಹಣವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳಲು ದಾರಿಯಿದೆ. ಆದ್ದರಿಂದ ಯಾವ ಸಾಲವೂ ಇಲ್ಲದ ಬೇರೆ ಬ್ಯಾಂಕಿನಲ್ಲಿ ಕನಿಷ್ಠ ಮೊತ್ತ ಇಡಬೇಕಿಲ್ಲದ ಮೂಲ ಉಳಿತಾಯ ಖಾತೆಯನ್ನು, ಜನಧನ್ ಖಾತೆಯೆಂದು ಊರಿನವರು ಕರೆಯುವ ಬಗೆಯದನ್ನು, ತೆರೆದು ಆದಾಯವನ್ನು ಅಲ್ಲಿಗೆ ತಿರುಗಿಸುವುದು ಕಾನೂನಿನೊಳಗಿನ ಕ್ರಮವೇ. ಇದರಲ್ಲಿ ಬಹಳ ಮಂದಿ ಎಡವುವ ಜಾಗವೊಂದಿದೆ: ಸರ್ಕಾರದ ನೇರ ವರ್ಗಾವಣೆಯ ಹಣವು ಖಾತೆ ಸಂಖ್ಯೆಯನ್ನು ನೋಡಿ ಬರುವುದಿಲ್ಲ, ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಬರುತ್ತದೆ, ಹೊಸ ಖಾತೆ ತೆರೆದು ಆಧಾರ್ ಸೀಡಿಂಗ್ ಅರ್ಜಿ ಕೊಡದಿದ್ದರೆ ಗೃಹಲಕ್ಷ್ಮಿ ಹಳೆಯ ಮನೆಗೇ ಹೋಗುತ್ತಾಳೆ. ಹೊಸ ಖಾತೆಗೆ ಹಳೆಯ ಆಪ್‌ಗಳ ಮ್ಯಾಂಡೇಟ್ ಕೊಡುವುದಂತೂ ತೂಬು ತೆರೆದಿಟ್ಟು ಕೆರೆ ತುಂಬಿಸಿದಂತೆ.

ಹಳೆಯ ಮ್ಯಾಂಡೇಟನ್ನು ರದ್ದುಪಡಿಸಲು ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬಹುದು, ಯುಪಿಐ ಆಟೋಪೇಯನ್ನು ಆಯಾ ಯುಪಿಐ ಆಪ್‌ನಲ್ಲಿಯೇ ನಿಲ್ಲಿಸಬಹುದು. ಆದರೆ ಸದ್ದಿಲ್ಲದೆ ನಿಲ್ಲಿಸಿ ಕಣ್ಮರೆಯಾಗುವುದು ಅಪಾಯಕರ, ಏಕೆಂದರೆ 2007ರ ಪಾವತಿ ವ್ಯವಸ್ಥೆಗಳ ಅಧಿನಿಯಮದ 25ನೆಯ ಕಲಮು ಹಣವಿಲ್ಲದೆ ಬೌನ್ಸ್ ಆದ ವಿದ್ಯುನ್ಮಾನ ಪಾವತಿಗೆ ಚೆಕ್ ಬೌನ್ಸಿನಂತೆಯೇ ಎರಡು ವರ್ಷದವರೆಗೆ ಸೆರೆ ಅಥವಾ ಮೊತ್ತದ ಎರಡರಷ್ಟು ದಂಡ ಅಥವಾ ಎರಡನ್ನೂ ಹೇಳುತ್ತದೆ. ನೋಟೀಸು ಬಂದ ಮೇಲೆ ಪಾವತಿಗೆ 15 ದಿನ ಇರುತ್ತದೆ. ಆ ಅಂಚೆಯನ್ನು ಹೆದರಿ ವಾಪಸು ಕಳಿಸುವವರೇ ಹೆಚ್ಚು. ರದ್ದತಿಯ ಜೊತೆಗೇ ಸಾಲ ಕೊಟ್ಟ ಸಂಸ್ಥೆಗೆ ತನ್ನ ಆದಾಯ, ಮನೆ ಖರ್ಚು, ತಿಂಗಳಿಗೆ ಕಟ್ಟಬಲ್ಲ ಮೊತ್ತ ಇವನ್ನು ಬರೆದು ಸ್ಪೀಡ್ ಪೋಸ್ಟ್ ಅಥವಾ ಇ-ಮೇಲ್ ಕಳಿಸಿದವನು ಮುಂದೆ ನ್ಯಾಯಾಧೀಶರ ಎದುರು ತಪ್ಪಿಸಿಕೊಂಡವನಾಗಿ ನಿಲ್ಲುವುದಿಲ್ಲ.

ಸನ್ಮಾನಿತರ ಮುಖಕ್ಕೆ ಹಿಡಿಯಲು ಒಂದು ಕನ್ನಡಿಯನ್ನೂ ತರಲಾಗಿದೆ. ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ಹೊರಡಿಸಿ 2025ರ ಮೇ 8ರಂದು ಕ್ರೋಡೀಕರಿಸಿದ ಡಿಜಿಟಲ್ ಸಾಲದ ನಿಯಮಗಳ ಪ್ರಕಾರ ಸಾಲದ ಹಣವು ಬ್ಯಾಂಕು ಅಥವಾ ನೋಂದಾಯಿತ ಹಣಕಾಸು ಸಂಸ್ಥೆಯ ಖಾತೆಯಿಂದ ನೇರವಾಗಿ ಸಾಲಗಾರನ ಖಾತೆಗೆ ಬರಬೇಕು, ಹಾಗೆಯೇ ಮರಳಬೇಕು, ನಡುವೆ ಯಾವ ಮೂರನೆಯವರ ಕಿಸೆಯೂ ಇರಬಾರದು. ವಾರ್ಷಿಕ ದರವನ್ನು ಹೇಳುವ ಮುಖ್ಯಾಂಶ ಪತ್ರ ಮೊದಲೇ ಕೈಸೇರಬೇಕು. ಕನಿಷ್ಠ ಒಂದು ದಿನದ ಮರುಚಿಂತನೆಯ ಅವಧಿಯೊಳಗೆ ಅಸಲು ಮತ್ತು ಆ ದಿನಗಳ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಬರಲು ಬಿಡಬೇಕು. ಆಪ್ ಫೋನಿನ ಸಂಪರ್ಕಪಟ್ಟಿಯನ್ನೂ ಚಿತ್ರಗಳನ್ನೂ ಮುಟ್ಟಬಾರದು. 2025ರ ಜುಲೈಯಿಂದ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ನಿಯಂತ್ರಿತ ಸಂಸ್ಥೆಗಳು ತಿಳಿಸಿದ ಆಪ್‌ಗಳ ಪಟ್ಟಿಯೂ ಇದೆ. ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಬರುವಂತಿಲ್ಲ. ಇತರ ಸಾಲಗಳಿಗೆ ಆ ಗಡಿ 8 ಮತ್ತು 7. ಇಷ್ಟು ನಿಯಮಗಳ ನಡುವೆಯೂ ಹೆಣ್ಣುಮಗಳೊಬ್ಬಳ ಚಿತ್ರವನ್ನು ತಿರುಚಿ ಅವಳ ಅಣ್ಣನಿಗೂ ಟೀಚರಿಗೂ ಕಳಿಸುವ ಮಹಾಪ್ರಭುಗಳ ಕಲೆಗೆ ಸಾಲ ವಸೂಲಿ ಎಂಬ ಹೆಸರು ಸಲ್ಲದು. ಅದು ಸುಲಿಗೆ, ಭಾರತೀಯ ನ್ಯಾಯ ಸಂಹಿತೆಯ 308ನೆಯ ಕಲಮಿನ ಅಪರಾಧ. ಅದಕ್ಕೆ ಹಣ ಕಟ್ಟುತ್ತಾ ಹೋದರೆ ಕೊನೆಯಿಲ್ಲ. ಸ್ಕ್ರೀನ್‌ಶಾಟ್ ಉಳಿಸಿಕೊಂಡು 1930ಕ್ಕೆ ಕರೆ ಮಾಡುವುದೊಂದೇ ಸರಿಯಾದ ಪಾವತಿ.

ವೇದಿಕೆಯ ಮೇಲೆ ಖಾಲಿ ಇರುವ ಕುರ್ಚಿ ದೆಹಲಿಯ ಅತಿಥಿಗಳದು. 2016ರ ದಿವಾಳಿ ಸಂಹಿತೆಯಲ್ಲಿ ಬಡ ಸಾಲಗಾರನಿಗೆ ಹೊಸ ಆರಂಭ ಎಂಬ ಅಧ್ಯಾಯವಿದೆ: ವರ್ಷಕ್ಕೆ 60,000 ರೂಪಾಯಿಗೆ ಮೀರದ ಆದಾಯ, 20,000ಕ್ಕೆ ಮೀರದ ಆಸ್ತಿ, 35,000ಕ್ಕೆ ಮೀರದ ಸಾಲ, ಸ್ವಂತ ಮನೆ ಇಲ್ಲದಿರುವಿಕೆ ಇಷ್ಟಿದ್ದರೆ ಸಾಲ ಮನ್ನಾ. ಓದಲು ಬಹಳ ಸೊಗಸು. ಆದರೆ ಸಂಹಿತೆಯ ಆ ಭಾಗವನ್ನು 2019ರ ಡಿಸೆಂಬರ್ 1ರಂದು, ಈ ಅಧ್ಯಾಯವನ್ನು ಹೊರಗಿಟ್ಟು, ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗಷ್ಟೇ ಜಾರಿಮಾಡಲಾಯಿತು. ಹೊಗೆಸೊಪ್ಪಿನವನಿಗೆ, ಗಾರೆ ಕೆಲಸದವಳಿಗೆ ಅದು ಅಚ್ಚಾದ ಕಾಗದ ಮಾತ್ರ. ಅವರಿಗೆ ಉಳಿದಿರುವುದು ಬ್ರಿಟಿಷರ ಕಾಲದ, 1920ರ ಪ್ರಾಂತೀಯ ದಿವಾಳಿ ಅಧಿನಿಯಮ: 500 ರೂಪಾಯಿಗೆ ಕಡಿಮೆಯಿಲ್ಲದ, ತೀರಿಸಲಾಗದ ಸಾಲವಿರುವವನು ಜಿಲ್ಲಾ ಮಟ್ಟದ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು, ದಿವಾಳಿಯೆಂದು ಘೋಷಣೆಯಾದ ಮೇಲೆ ಸಾಲಿಗರು ಕೋರ್ಟಿನ ಅನುಮತಿಯಿಲ್ಲದೆ ಅವನ ಬೆನ್ನು ಹತ್ತುವಂತಿಲ್ಲ. ಹುಣಸೂರಿನ ಶಾಸಕರಾಗಿದ್ದ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ 1976ರ ಋಣ ಪರಿಹಾರ ಅಧಿನಿಯಮ ಬಂದಿತ್ತು. ಅದರ ಹೊಸ ರೂಪ, 2018ರದು, 2019ರ ಜುಲೈನಲ್ಲಿ ಜಾರಿಗೆ ಬಂದರೂ ಖಾಸಗಿ ಲೇವಾದೇವಿಗೆ ಸೀಮಿತವಾಗಿದ್ದು ಬ್ಯಾಂಕುಗಳನ್ನು ಮುಟ್ಟಲಿಲ್ಲ. ಸೋದರಮಾವಂದಿರು ಆಗ ಸ್ವಲ್ಪ ಬೆವರಿದ್ದುಂಟು.

ದಿವಾಳಿ ಅರ್ಜಿಗೆ ಮುಂಚಿನ ತಿಂಗಳುಗಳಲ್ಲಿ ಮಾಡಬಾರದ ಕೆಲಸಗಳೂ ಇವೆ. ಭಾವಮೈದುನನ ಕೈಸಾಲವನ್ನಷ್ಟೇ ತೀರಿಸಿ ಉಳಿದವರಿಗೆ ಕೈ ಎತ್ತಿದರೆ, ಆ ಪಾವತಿ ಅರ್ಜಿಗೆ ಹಿಂದಿನ ಮೂರು ತಿಂಗಳೊಳಗಿನದಾದರೆ, ಪಕ್ಷಪಾತವೆಂದು ನ್ಯಾಯಾಲಯ ರದ್ದುಪಡಿಸಬಹುದು. ಎರಡು ವರ್ಷದೊಳಗೆ ಹೆಂಡತಿಯ ಹೆಸರಿಗೆ ಮಾಡಿದ ದಾನಪತ್ರವೂ ಬೀಳಬಹುದು. ತೀರಿಸಲಾಗದೆಂದು ತಿಳಿದೂ ಹೊಸ ಆಪ್ ಸಾಲ ಎತ್ತುವುದು ಎಲ್ಲಕ್ಕಿಂತ ಕೆಟ್ಟದ್ದು. ಹೆದರಿಕೆಗೆ ಮಾತ್ರ ಕಾರಣವಿಲ್ಲ: ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನಂತೆ ಕೂಲಿಯವನ ಕೂಲಿ, ರೈತನ ನೇಗಿಲು, ಎತ್ತು, ಬಿತ್ತನೆ ಬೀಜ, ಅಡಮಾನವಿಲ್ಲದ ಅವನ ವಾಸದ ಮನೆ ಜಪ್ತಿಗೆ ಒಳಪಡವು, ಸಂಬಳದಲ್ಲಿ ಮೊದಲ ಸಾವಿರ ರೂಪಾಯಿಯೂ ಉಳಿದದ್ದರ ಮೂರರಲ್ಲಿ ಎರಡು ಭಾಗವೂ ಸಾಮಾನ್ಯ ಸಾಲದ ಡಿಕ್ರಿಗೆ ಸಿಗದು.

ಇನ್ನು ಶಾಲು, ಪೇಟ, ಹಣ್ಣಿನ ಬುಟ್ಟಿಗಳ ಸಮರ್ಪಣೆ. ಪ್ರೊಸೆಸಿಂಗ್ ಫೀ ಎಂದು ಶಾಲಿನ ಅರ್ಧವನ್ನು ಮೊದಲೇ ಹಿಡಿದುಕೊಳ್ಳಲಾಗಿದೆ, ಏಳನೆಯ ದಿನ ಪೂರ್ತಿ ಶಾಲನ್ನು ಮರಳಿಸತಕ್ಕದ್ದು (ಜಿಎಸ್‌ಟಿ ಪ್ರತ್ಯೇಕ). ಸಭಿಕರಲ್ಲಿ ಒಂದು ವಿನಂತಿ: ಸಾಲಗಳ ಪಟ್ಟಿ, ಆರು ತಿಂಗಳ ಪಾಸ್‌ಬುಕ್ ಪ್ರತಿ, ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಸಿಬಿಲ್ ವರದಿ ಇವನ್ನು ಹಿಡಿದು ತಮ್ಮ ತಾಲ್ಲೂಕಿನ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಬೇಕು. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಅಲ್ಲಿ ಆದಾಯದ ಮಿತಿಯಿಲ್ಲದೆ ವಕೀಲರು ಉಚಿತ. ಲೋಕ ಅದಾಲತ್ತಿನಲ್ಲಿ ಆದ ರಾಜಿ ಕೋರ್ಟಿನ ಡಿಕ್ರಿಗೆ ಸಮ, ಅದಕ್ಕೆ ಶುಲ್ಕವಿಲ್ಲ. ಸಹಾಯವಾಣಿಯ ಸಂಖ್ಯೆ 15100.