ಕುರ್ಚಿ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವನು ಮೊದಲಿಗೆ ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಹೇಳುತ್ತೇವೆ. ವಿಷಯ: ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಂದು ಸಣ್ಣ ಲೂಥರನ್ ಸಭೆಯ ವಾರದ ಬದುಕು, ಅದರಲ್ಲೂ ಕುರ್ಚಿ ಹಾಕುವ ಮತ್ತು ಎತ್ತಿಡುವ ಕರ್ಮ. ಪ್ರಯೋಜನ: ಕಂಡುಬಂದಿಲ್ಲ. ಸಂಬಂಧ: ಕುರ್ಚಿಗೂ ಕೂರುವವರಿಗೂ ಇರುವ ಸಂಬಂಧ ಲೋಕಪ್ರಸಿದ್ಧ, ಕುರ್ಚಿಗೂ ಎತ್ತಿಡುವವರಿಗೂ ಇರುವುದನ್ನು ಪಂಡಿತರು ಈವರೆಗೆ ಅಲಕ್ಷಿಸಿದ್ದಾರೆ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು: ಕೊನೆಯ ಗೀತೆಯ ಕೊನೆಯ ಚರಣ ಮುಗಿಯುವ ಮೊದಲೇ ಜೇಬಿನಲ್ಲಿ ಸ್ಕೂಟರಿನ ಕೀ ಹುಡುಕುವವನು.

ಸಭೆ ಯಾವುದೆಂದು ಕೇಳಬಾರದು. ದೊಡ್ಡಬಳ್ಳಾಪುರದ ಮಗ್ಗಗಳ ಸದ್ದಿಗೂ ದೇವನಹಳ್ಳಿಯ ವಿಮಾನಗಳ ಸದ್ದಿಗೂ ನಡುವೆ ಎಲ್ಲೋ ಇದೆ. ಪ್ರಸಂಗದ ವೇಳೆ ಎರಡೂ ಕೇಳಿಸುತ್ತವೆ. ಜಿಲ್ಲೆಗೇ ತನ್ನ ವಿಳಾಸದ ಬಗ್ಗೆ ಖಾತ್ರಿಯಿಲ್ಲ. 1986ರಲ್ಲಿ ಬೆಂಗಳೂರಿನಿಂದ ಬೇರೆಯಾಯಿತು, 2007ರಲ್ಲಿ ರಾಮನಗರದ ಕಡೆಯನ್ನು ಬಿಟ್ಟುಕೊಟ್ಟಿತು, 2025ರಲ್ಲಿ ಸಚಿವ ಸಂಪುಟ ನಂದಿಬೆಟ್ಟದ ಮೇಲೆ ಕೂತು ಇದನ್ನು ಬೆಂಗಳೂರು ಉತ್ತರ ಎಂದು ಕರೆಯಲು ತೀರ್ಮಾನಿಸಿತು. ಸಭೆಯ ಬೋರ್ಡಿನಲ್ಲಿ ಮಾತ್ರ ಇನ್ನೂ ‘ಬೆಂಗಳೂರು ಜಿಲ್ಲೆ’ ಎಂದೇ ಇದೆ. ಬಣ್ಣ ಬಳಿಸುತ್ತೇನೆಂದು ಒಪ್ಪಿಕೊಂಡವರು ಈಗ ಮೊಮ್ಮಕ್ಕಳ ಜೊತೆ ಬೇರೆ ಊರಿನಲ್ಲಿದ್ದಾರೆ. ಒಪ್ಪಿಗೆ ಇನ್ನೂ ಜಾರಿಯಲ್ಲಿದೆ.

ಗೋತ್ರ ಪ್ರಕರಣ

ಸಭೆಯಲ್ಲಿ ಮೂರು ಗೋತ್ರದವರಿದ್ದಾರೆ. ಮೊದಲನೆಯದು ಬಾಸೆಲ್ ಗೋತ್ರ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮೂವರು ಮೂಲಪುರುಷರನ್ನು ನೆನೆದು ಇವರ ಪ್ರವರವನ್ನು ‘ಹೆಬಿಕ್-ಲೆಹ್ನರ್-ಗ್ರೈನರ್ ತ್ರ್ಯಾರ್ಷೇಯ ಪ್ರವರಾನ್ವಿತ’ ಎಂದು ಹೇಳಬಹುದು. ಇವರ ಎದುರು ಕನ್ನಡದ ಮಾತೆತ್ತಬಾರದು. ಮೋಗ್ಲಿಂಗರ 1843ರ ಮಂಗಳೂರ ಸಮಾಚಾರ, 1894ರ ಕಿಟೆಲ್ ನಿಘಂಟು, ಎಲ್ಲವೂ ತಮ್ಮ ಮನೆಯ ಅಟ್ಟದಿಂದಲೇ ಇಳಿದು ಬಂದವೆಂಬಂತೆ ಮಾತಾಡುತ್ತಾರೆ. ಬೆಂಗಳೂರಿಗೆ ಹೋದಾಗ ಎಂ.ಜಿ. ರಸ್ತೆಯ ಕಿಟೆಲ್ ಪ್ರತಿಮೆಯನ್ನು ಬಸ್ಸಿನ ಕಿಟಕಿಯಿಂದ ನೋಡಿ, ಸೋದರಮಾವನನ್ನು ಕಂಡವರಂತೆ ತಲೆ ಆಡಿಸುತ್ತಾರೆ. ಜೆಪ್ಪುವಿನಲ್ಲಿ 1865ರಲ್ಲಿ ಮಿಷನ್ ಹೆಂಚಿನ ಕಾರ್ಖಾನೆ ಶುರುಮಾಡಿದ್ದನ್ನೂ ಇವರೇ ಹೇಳುವುದು. ಹೇಳುವಾಗ ಕೂತಿರುವುದು ತಗಡಿನ ಶೀಟಿನ ಕೆಳಗೆ. ಮಳೆ ಬಂದರೆ ಆ ಶೀಟಿನ ಸದ್ದಿಗೆ ಪ್ರಸಂಗ ತಾನಾಗಿಯೇ ನಿಲ್ಲುವುದರಿಂದ, ಹೆಂಚು ಹಾಕಿಸುವ ಪ್ರಸ್ತಾಪಕ್ಕೆ ಯುವಕರ ಕಡೆಯಿಂದ ಬೆಂಬಲ ಸಿಕ್ಕಿಲ್ಲ.

ಬಾಸೆಲ್ ಮಿಷನ್ ಅಪ್ಪಟ ಲೂಥರನ್ ಅಲ್ಲ. ವುರ್ಟೆಂಬರ್ಗಿನ ಲೂಥರನ್ನರ ಜೊತೆ ಸ್ವಿಸ್ ಕಡೆಯವರೂ ಬೆರೆತ ಮಿಷನ್ ಅದು ಎಂಬುದು ಪಂಡಿತರ ಆಕ್ಷೇಪ. ಮೇಲಾಗಿ ಅವರ ದಕ್ಷಿಣ ಕನ್ನಡದ ಸಭೆಗಳು 1947ರಲ್ಲಿ, ಧಾರವಾಡದ ಕಡೆಯವು 1968ರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ (ಸಿ.ಎಸ್.ಐ.) ಸೇರಿಬಿಟ್ಟವು. ಹಾಗಾದರೆ ಈ ಗೋತ್ರದವರು ಇಲ್ಲಿ ಹೇಗೆ? ಮದುವೆಯಾಗಿ ಬಂದರು. ಶಾಸ್ತ್ರ ಬಿಡಿಸಲಾಗದ್ದನ್ನು ಬೀಗರು ಬಿಡಿಸುತ್ತಾರೆ.

ಎರಡನೆಯದು ಚಿನ್ನದ ಗಣಿಯ ಗೋತ್ರ. ಅಮೆರಿಕದ ಮಿಸೌರಿ ಲೂಥರನ್ನರ ಕೆಲಸ 1895ರಲ್ಲಿ ಕೃಷ್ಣಗಿರಿ ಕಡೆ ಶುರುವಾಗಿ ಕೋಲಾರ ಚಿನ್ನದ ಗಣಿಯವರೆಗೂ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಕೆಲಸ ಹುಡುಕಿಕೊಂಡು ಹೊಸಕೋಟೆ, ದೊಡ್ಡಬಳ್ಳಾಪುರದ ಕಾರ್ಖಾನೆಗಳ ಕಡೆ ಬಂದವರು ಇವರು. ಮೂರನೆಯದು ತರಂಗಂಬಾಡಿ ಗೋತ್ರ, ತಮಿಳರದು. ಬಾಸೆಲ್‌ನವರು 1834 ಎಂದ ಕೂಡಲೇ ಇವರು ಮೆಲ್ಲನೆ 1706 ಎನ್ನುತ್ತಾರೆ. ಅದು ಜೀಗೆನ್‌ಬಾಲ್ಗ್ ಎಂಬ ಮಿಷನರಿ ತರಂಗಂಬಾಡಿಯಲ್ಲಿ ಹಡಗಿನಿಂದ ಇಳಿದ ವರ್ಷ. ಸೀನಿಯಾರಿಟಿಯ ಈ ಚರ್ಚೆ ಸಾಮಾನ್ಯವಾಗಿ ಟೀ ಬರುವವರೆಗೆ ನಡೆಯುತ್ತದೆ. ಟೀ ತರಲು ಹೋಗಿರುವವರು ಗಣಿಯವರೇ ಆದ್ದರಿಂದ ಅವರ ಪಕ್ಷ ಯಾವ ಗ್ರಂಥದಲ್ಲೂ ದಾಖಲಾಗಿಲ್ಲ.

ಪೂರ್ವಪಕ್ಷ

ಈಗ ಮುಖ್ಯ ಸಮಸ್ಯೆ. ವಿಟ್ಟನ್‌ಬರ್ಗಿನ ಚರ್ಚಿನ ಬಾಗಿಲಿಗೆ 1517ರ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರ್ 95 ವಾದಗಳನ್ನು ಮೊಳೆ ಹೊಡೆದು ನೇತುಹಾಕಿದರೆಂದು ಪ್ರತೀತಿ. ನಮ್ಮ ಬಾಗಿಲಿಗೆ ಅಂಟಿಸಿರುವುದು ಒಂದೇ ಹಾಳೆ, ಗುಡಿಸುವ ಸರದಿಯ ಪಟ್ಟಿ. ಜಗಳ ಎರಡರಿಂದಲೂ ಆಗಿದೆ. ಲೂಥರ್ ಮತದ ಸಾರ ಎಲ್ಲರಿಗೂ ಗೊತ್ತು: ಮನುಷ್ಯನಿಗೆ ರಕ್ಷಣೆ ಸಿಗುವುದು ನಂಬಿಕೆಯಿಂದ, ಅದೂ ದೇವರು ಬಿಟ್ಟಿಯಾಗಿ ಕೊಟ್ಟ ಅನುಗ್ರಹದಿಂದ, ಒಳ್ಳೆಯ ಕೆಲಸ ಮಾಡಿ ಗಳಿಸುವಂಥದ್ದಲ್ಲ.

ಇದನ್ನು ಆಧಾರ ಮಾಡಿಕೊಂಡು ಗೇಟಿನ ಹತ್ತಿರ ನಿಂತ ಯೌವನಸ್ಥರ ಕೂಟದ ತಾರ್ಕಿಕನೊಬ್ಬ ಹೀಗೆ ವಾದಿಸುತ್ತಾನೆ: ಕುರ್ಚಿ ಎತ್ತಿಡುವುದು ಒಂದು ಕ್ರಿಯೆ. ಕ್ರಿಯೆಗಳಿಂದ ರಕ್ಷಣೆಯಿಲ್ಲ. ಆದ್ದರಿಂದ ಕುರ್ಚಿ ಎತ್ತಿಡುವುದರಿಂದ ರಕ್ಷಣೆಯಿಲ್ಲ. ಎತ್ತಿದರೆ ಎಲ್ಲಿ ಪುಣ್ಯ ಬಂದುಬಿಡುತ್ತದೋ ಎಂಬ ಭಯದಿಂದಲೇ ನಾನು ಎತ್ತುತ್ತಿಲ್ಲ. ವ್ಯಾಪ್ತಿ ಸರಿಯಿದೆ, ಹೇತು ಸರಿಯಿದೆ, ಬೈಕ್ ಸ್ಟಾರ್ಟ್ ಆಗಿದೆ.

ಇದಕ್ಕೆ ಸಿದ್ಧಾಂತ ಹೇಳಿದವರು ಸ್ತ್ರೀ ಅನ್ಯೋನ್ಯ ಕೂಟದ ಹಿರಿಯ ಆಂಟಿ. ಕೈಯಲ್ಲಿ ನಾಲ್ಕು ಕುರ್ಚಿ ಜೋಡಿಸಿಕೊಂಡು ನಿಂತು ಅವರು ಕೊಟ್ಟ ಉತ್ತರವನ್ನು ಯಥಾವತ್ತಾಗಿ ದಾಖಲಿಸುತ್ತೇವೆ: “ರಕ್ಷಣೆ ಆಗೋಯ್ತಲ್ಲ ಕಣಪ್ಪ, ಇನ್ನೇನ್ ಕೆಲಸ ನಿಂಗೆ? ಆ ಕಡೆ ಹಿಡ್ಕೋ ಬಾ.”

ದೇವಶಾಸ್ತ್ರದಲ್ಲಿ ಇದಕ್ಕಿಂತ ಬಿಗಿಯಾದ ವಾಕ್ಯ ನಾವು ಕಂಡಿಲ್ಲ. ರಕ್ಷಣೆಗಾಗಿ ದುಡಿಯುವ ಹೊರೆ ಇಳಿದ ಮನುಷ್ಯನಿಗೆ ಈಗ ಕೈ ಖಾಲಿ, ಖಾಲಿ ಕೈ ನೆರೆಯವನ ಸೇವೆಗೆ ಎಂಬುದನ್ನು ಹೇಳಲು ಲೂಥರ್ 1520ರಲ್ಲಿ ಕ್ರೈಸ್ತನ ಸ್ವಾತಂತ್ರ್ಯದ ಮೇಲೆ ಒಂದು ಇಡೀ ಪ್ರಬಂಧ ಬರೆದರು. ಆಂಟಿ ಅದನ್ನು ಓದಿಲ್ಲ. ತಾರ್ಕಿಕ ಬೈಕ್ ಆಫ್ ಮಾಡಿದ. ವಿಶ್ವಾಸಿಗಳೆಲ್ಲರೂ ಯಾಜಕರೇ ಎಂಬ ಲೂಥರನ ಇನ್ನೊಂದು ತತ್ವವನ್ನೂ ಇಲ್ಲಿ ಸ್ಥೂಲವಾಗಿ ಪಾಲಿಸುತ್ತಾರೆ. ವಿಶ್ವಾಸಿಗಳೆಲ್ಲರೂ ಯಾಜಕರು, ಅವರಲ್ಲಿ ಐದು ಜನ ಪೊರಕೆ ಹಿಡಿಯುವ ಯಾಜಕರು. ಆ ಐವರು ಪ್ರತಿ ವರ್ಷ ಅವರೇ.

ವಾರಚಕ್ರ

ಸೋಮವಾರ ಖಜಾಂಚಿಯವರು ಕಾಣಿಕೆಯ ಚಿಲ್ಲರೆ ಹಿಡಿದು ಬ್ಯಾಂಕಿಗೆ ಹೋಗುತ್ತಾರೆ. ಮಂಗಳವಾರ ಏನೂ ಇಲ್ಲ. ಬುಧವಾರ ಮನೆಮನೆಯ ಪ್ರಾರ್ಥನಾ ಕೂಟ. ಯಾರ ಮನೆಯ ಸರದಿಯಲ್ಲಿ ಚೌಚೌ ಬಾತ್ ಇರುತ್ತದೋ ಅಲ್ಲಿ ಹಾಜರಾತಿ ಹೆಚ್ಚು, ಬಿಸ್ಕತ್ತಿನ ಮನೆಯಲ್ಲಿ ಪ್ರಾರ್ಥನೆ ಚಿಕ್ಕದು. ಶುಕ್ರವಾರ ಆಸ್ಪತ್ರೆಯಲ್ಲಿರುವವರನ್ನು ನೋಡಿಬರುವುದು. ಇದರ ಬಗ್ಗೆ ಪ್ರಬಂಧಕಾರನಿಗೆ ಅಣಕಿಸುವಂಥದ್ದೇನೂ ಸಿಗಲಿಲ್ಲ; ಕತ್ತಲಾದ ಮೇಲೆ ಫ್ಲಾಸ್ಕಿನಲ್ಲಿ ಗಂಜಿ ಹಿಡಿದು ಎರಡು ಬಸ್ ಬದಲಿಸಿ ಹೋಗುವವರ ಮೇಲೆ ಪಾಂಡಿತ್ಯ ನಡೆಯುವುದಿಲ್ಲ. ಶನಿವಾರ ಕ್ವಾಯರ್ ಅಭ್ಯಾಸ, ಹೂವು, ಗುಡಿಸುವುದು, ಮತ್ತು ಬೀಗದ ಕೈ ಯಾರ ಹತ್ತಿರ ಇದೆಯೆಂಬ ಸಂಶೋಧನೆ.

ಭಾನುವಾರದ ಆರಾಧನೆಗೆ ಹೊರಗಿನ ಪ್ರತಿಸ್ಪರ್ಧಿ ಹೊಸಕೋಟೆಯ ದಮ್ ಬಿರಿಯಾನಿ. ನಸುಕಿನ ನಾಲ್ಕು ಗಂಟೆಗೇ ಅದಕ್ಕೆ ಕ್ಯೂ ನಿಲ್ಲುತ್ತಾರೆ. ಒಂಬತ್ತೂವರೆಯ ಆರಾಧನೆಗೆ ಹತ್ತು ಗಂಟೆಗೆ ಬರುವ ಜನ ಅಲ್ಲಿ ನಾಲ್ಕಕ್ಕೆ ಹೇಗೆ ನಿಲ್ಲುತ್ತಾರೆಂದು ಅಯ್ಯನವರು ಒಮ್ಮೆ ಪ್ರಸಂಗದಲ್ಲೇ ಕೇಳಿದರು. ಮುಂದಿನ ಸಾಲಿನಿಂದ ಏಲಕ್ಕಿಯ ವಾಸನೆ ಬರುತ್ತಿತ್ತು.

ಪ್ರಭುಭೋಜನದ ಭಾನುವಾರ ಇನ್ನೊಂದು ಕೆಲಸ ಸೇರುತ್ತದೆ. ಈ ಸೀಮೆಯಲ್ಲೇ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಮನೆಯಲ್ಲಿ ಕುದಿಸಿ, ಸೋಸಿ, ಸಣ್ಣ ಸಣ್ಣ ಲೋಟಗಳಿಗೆ ಹಾಕುವುದು. 1529ರಲ್ಲಿ ಮಾರ್‌ಬುರ್ಗಿನಲ್ಲಿ ಲೂಥರ್ ಮತ್ತು ಸ್ವಿಸ್ ಸುಧಾರಕ ಜ್ವಿಂಗ್ಲಿ ಈ ಭೋಜನದ ಬಗ್ಗೆಯೇ ವಾದಕ್ಕೆ ಕೂತರು. ಕ್ರಿಸ್ತ ಅಲ್ಲಿ ನಿಜವಾಗಿ ಇದ್ದಾನೆಯೇ, ನೆನಪಿಗೆ ಮಾತ್ರವೇ? ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು ಕೂತಿದ್ದರಂತೆ, ಒಂದಿಂಚು ಕದಲಲಿಲ್ಲ. ನಮ್ಮ ಸಭೆಯಲ್ಲಿ ಆ ಪ್ರಶ್ನೆ ಇತ್ಯರ್ಥವಾಗಿದೆ. ಉಳಿದಿರುವ ವಿವಾದ, ಲೋಟ ತೊಳೆಯುವಾಗ ನಲ್ಲಿಯ ಹತ್ತಿರ ಯಾರು ನಿಜವಾಗಿ ಇದ್ದರು, ಯಾರು ನೆನಪಿಗೆ ಮಾತ್ರ ಎಂಬುದು. ಇದಕ್ಕೂ ಸೀಮೆಸುಣ್ಣದ ದಾಖಲೆಯಿದೆ, ಅಡುಗೆ ಕೋಣೆಯ ಬಾಗಿಲಿನ ಹಿಂದೆ.

ಶಾಸನ ಪ್ರಕರಣ

ಬಿ.ಎಲ್. ರೈಸ್ ಅವರು ಬೆಂಗಳೂರಿನಲ್ಲಿ ಹುಟ್ಟಿದವರು, ಲಂಡನ್ ಮಿಷನ್ನಿನ ಪಾದ್ರಿಯ ಮಗ. ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಕಲ್ಲು ಕಲ್ಲನ್ನೂ ಓದಿಸಿ ಅಚ್ಚು ಹಾಕಿಸಿದರು. ಪಾದ್ರಿಯ ಮಗನಾಗಿದ್ದೂ ಚರ್ಚಿನ ಫ್ಯಾನ್ ಶಾಸನಗಳನ್ನು ಬಿಟ್ಟದ್ದು ಆಶ್ಚರ್ಯ. ಆಗ ಫ್ಯಾನ್ ಬಂದಿರಲಿಲ್ಲ ಎಂಬ ಸಮಾಧಾನವನ್ನು ನಾವು ಒಪ್ಪುತ್ತೇವೆ.

ಫ್ಯಾನ್ ಶಾಸನವೆಂದರೆ ಫ್ಯಾನಿನ ರೆಕ್ಕೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದ ದಾನಶಾಸನ. ಮೊದಲ ರೆಕ್ಕೆಯಲ್ಲಿ ‘ದಿವಂಗತ’, ಎರಡನೆಯದರಲ್ಲಿ ಹೆಸರು, ಮೂರನೆಯದರಲ್ಲಿ ‘ಇವರ ಜ್ಞಾಪಕಾರ್ಥ ಮಕ್ಕಳು’. ಫ್ಯಾನ್ ತಿರುಗುವಾಗ ಇದನ್ನು ಓದಲಾಗುವುದಿಲ್ಲ. ಕರೆಂಟ್ ಹೋದಾಗ ಓದಬಹುದು, ಆದರೆ ಆಗ ಸಭಿಕರೆಲ್ಲ ದಾನಿಯ ಹೆಸರನ್ನು ನೋಡುತ್ತ ಬೆವರುತ್ತಾರೆ. ಯಾವ ರೆಕ್ಕೆಯಿಂದ ಓದಲು ಆರಂಭಿಸಬೇಕೆಂಬುದೂ ಖಚಿತವಿಲ್ಲ. ಒಂದು ಫ್ಯಾನನ್ನು ತಪ್ಪು ರೆಕ್ಕೆಯಿಂದ ಓದಿದರೆ ಮಕ್ಕಳೇ ದಿವಂಗತರಾಗುತ್ತಾರೆ. ಆ ಮಕ್ಕಳು ಅದರ ಕೆಳಗೇ ಕೂತು ಗೀತೆ ಹಾಡುತ್ತಿರುತ್ತಾರೆ.

ತಟ್ಟೆ ಶಾಸನಗಳು ಹಿಂಬದಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದವು, ಊಟ ಮುಗಿಸಿ ತೊಳೆಯುವವರ ಕಣ್ಣಿಗೆ ಮಾತ್ರ ಬೀಳುತ್ತವೆ. ಹಳೆಯ ಕಲ್ಲುಗಳಲ್ಲಿ ದಾನಕ್ಕೆ ಅಳುಪಿದವರಿಗೆ ಶಾಪಾಶಯ ಇರುವಂತೆ ಇಲ್ಲಿನ ದೊಡ್ಡ ಪಾತ್ರೆಗಳ ಮೇಲೆ ‘ಸಭೆಯದು, ಮನೆಗೆ ಒಯ್ಯಬಾರದು’ ಎಂದಿದೆ. ಈ ಶಾಸನವಿರುವ ಪಾತ್ರೆಗಳನ್ನು ನಾವು ಹೆಚ್ಚಾಗಿ ಓದಿದ್ದು ಸಭಿಕರ ಮನೆಗಳಲ್ಲಿ. ಕುರ್ಚಿಗಳ ಬೆನ್ನಿಗೆ ಮಾತ್ರ ಯಾರ ಹೆಸರೂ ಇಲ್ಲ. ಪ್ಲಾಸ್ಟಿಕ್ಕಿನ ಮೇಲೆ ಬಣ್ಣ ನಿಲ್ಲುವುದಿಲ್ಲ ಎನ್ನುತ್ತಾರೆ. ಈ ಅಂಶ ಮುಂದೆ ಬೇಕಾಗುತ್ತದೆ.

ಅರ್ಥಶಾಸ್ತ್ರ

ಸುಗ್ಗಿ ಹಬ್ಬದ ಹರಾಜಿನಲ್ಲಿ ಲೋಕದ ಬೆಲೆ ನಿಯಮಗಳೆಲ್ಲ ತಲೆಕೆಳಗು. ಆವತ್ತು ಸಭಿಕರು ತಮ್ಮ ಬೆಳೆಯ ಮೊದಲ ಪಾಲು ತಂದು ವೇದಿಯ ಮುಂದೆ ಇಡುತ್ತಾರೆ: ರಾಗಿ, ಅವರೆಕಾಯಿ, ಬೂದುಗುಂಬಳ, ದೇವನಹಳ್ಳಿ ಚಕ್ಕೋತ, ಕಾಲು ಕಟ್ಟಿದ ನಾಟಿ ಹುಂಜ. ಹೊಲವಿಲ್ಲದ ಕಾರ್ಖಾನೆಯವರು ಬೇಕರಿಯಿಂದ ಕೇಕ್ ತರುತ್ತಾರೆ. ಸುಗ್ಗಿ ಅವರವರ ದುಡಿಮೆಯದು. ಆರಾಧನೆ ಮುಗಿದ ಮೇಲೆ ಹರಾಜು.

“ಚಕ್ಕೋತ ಐನೂರು! ಐನೂರು ಒಂದು ಸಾರಿ... ಮಾವ, ನಿಮ್ ಕಡೆಯಿಂದ?”

“ಆರ್ನೂರು ಹಾಕ್ಕೊಳಪ್ಪ.”

“ಬರೀ ಆರ್ನೂರಾ ಮಾವ? ಮೊನ್ನೆ ತಾನೆ ಮಗನಿಗೆ ಏರ್‌ಪೋರ್ಟಲ್ಲಿ ಪರ್ಮನೆಂಟ್ ಆಯ್ತು ಅಂತ ಸಾಕ್ಷಿ ಹೇಳಿದ್ರಿ.”

ಸಾವಿರಕ್ಕೆ ಮಾವ ಕೊಂಡರು. ಕೊಂಡವರು ಎದ್ದು ನಿಂತು, ಹಣ್ಣನ್ನು ಮತ್ತೆ ಸಭೆಗೇ ಕೊಟ್ಟರು. ಅದು ಪುನಃ ಹರಾಜಿಗೆ ಬಂತು. ಒಂದೇ ಚಕ್ಕೋತ ಹೀಗೆ ನಾಲ್ಕು ಬಾರಿ ಮಾರಾಟವಾಗಿ, ಕೊನೆಗೆ ಅದನ್ನು ತಂದಿದ್ದವರ ಚೀಲಕ್ಕೇ ಹೋಯಿತು. ಸರಕು ಹೊರಟಲ್ಲಿಗೇ ಬಂದು ಸೇರಿದೆ, ಯಾರೂ ತಿಂದಿಲ್ಲ, ಹಣ ಮಾತ್ರ ನಾಲ್ಕು ಪಾಲು. ಹುಂಜದ ವಿಷಯದಲ್ಲಿ ಈ ಸಿದ್ಧಾಂತ ನಡೆಯಲಿಲ್ಲ. ಎರಡನೆಯ ಸುತ್ತಿನಲ್ಲಿ ಅದು ಹಗ್ಗ ಬಿಚ್ಚಿಕೊಂಡು ಪ್ರಸಂಗ ಪೀಠ ಹತ್ತಿ ಕೂತಿತು. ಕೋಳಿ ಕೂಗುವ ಮೊದಲೇ ಯೇಸುವನ್ನು ಅರಿಯೆನೆಂದ ಪೇತ್ರನ ಕಥೆ ಗೊತ್ತಿದ್ದವರು ಯಾರೂ ಅದರ ಕಣ್ಣಿಗೆ ಕಣ್ಣು ಕೊಡಲಿಲ್ಲ.

ವಾರ್ಷಿಕ ಮಹಾಸಭೆಯ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ವಾಟರ್ ಕ್ಯಾನ್ ತರಲು ಹೊರಗೆ ಹೋದವರು ಕಾರ್ಯದರ್ಶಿಯಾಗಿ ಒಳಗೆ ಬಂದರು.

ಅನುಗ್ರಹ ವಿಚಾರ

ಕೊನೆಯದಾಗಿ, ಈಚೆಗೆ ಎದ್ದ ತಾತ್ವಿಕ ಬಿಕ್ಕಟ್ಟು. ಸುಗ್ಗಿ ಹಬ್ಬಕ್ಕೆ ಸಭೆಯ ಕುರ್ಚಿಗಳು ಸಾಲದೆ ಶಾಮಿಯಾನದವರಿಂದಲೂ ತರಿಸಿದ್ದರು. ರಾತ್ರಿ ಎಲ್ಲವನ್ನೂ ಜೋಡಿಸಿ, ಅವರದನ್ನು ಅವರಿಗೆ ಕಳಿಸಿ ಎಣಿಸಿದಾಗ ಸಭೆಯ ಕುರ್ಚಿಗಳಲ್ಲಿ ಒಂದು ಹೆಚ್ಚಿಗೆ. ಆಂಟಿ ಎರಡನೇ ಸಾರಿ ಎಣಿಸಿದರು, ತಾರ್ಕಿಕ ಮೂರನೇ ಸಾರಿ. ಹೆಚ್ಚಿಗೆಯೇ. ಈ ಸಭೆಯ ಇತಿಹಾಸದಲ್ಲಿ ಕುರ್ಚಿ ಕಡಿಮೆ ಬಿದ್ದಿದೆ, ಕಾಲು ಮುರಿದಿದೆ, ಕೇಳದೆ ಮದುವೆಗೆ ಹೋಗಿದೆ. ಹೆಚ್ಚಾದದ್ದು ಇದೇ ಮೊದಲು.

ಬಾಸೆಲ್ ಗೋತ್ರದವರು ಲೆಕ್ಕದ ಪುಸ್ತಕ ತರಿಸಿದರು. ತರಂಗಂಬಾಡಿಯವರು ಪ್ರಾರ್ಥನೆಗೆ ಸೂಚಿಸಿದರು. ಗಣಿಯವರು ಅದರ ಮೇಲೆ ಕೂತರು. ಆಗ ತಾರ್ಕಿಕ ಮುಂದೆ ಬಂದು ವಾದ ಮಂಡಿಸಿದ: ಇದನ್ನು ಯಾರೂ ದುಡ್ಡು ಕೊಟ್ಟು ಕೊಂಡಿಲ್ಲ. ಯಾರೂ ಇದಕ್ಕಾಗಿ ದುಡಿದಿಲ್ಲ. ಯೋಗ್ಯತೆ ನೋಡದೆ, ಕೇಳದೆ, ತಾನಾಗಿ ಬಂದದ್ದು. ಲಕ್ಷಣವೆಲ್ಲ ಕೂಡಿ ಬರುವುದರಿಂದ ಇದು ಶುದ್ಧ ಅನುಗ್ರಹ. ಅಯ್ಯನವರಿಗೆ ವಾದದಲ್ಲಿ ದೋಷ ಕಾಣಲಿಲ್ಲ. ಆಂಟಿಯೂ ಮೊದಲ ಬಾರಿಗೆ ಸುಮ್ಮನಿದ್ದರು. ಕುರ್ಚಿಯನ್ನು ಒರೆಸಿ ವೇದಿಯ ಪಕ್ಕದಲ್ಲೇ ಇಟ್ಟರು.

ಮಂಗಳವಾರ, ಸಭೆಯಲ್ಲಿ ಏನೂ ಇಲ್ಲದ ದಿನ, ಶಾಮಿಯಾನದವರು ಟೆಂಪೋ ತಂದು ಅನುಗ್ರಹವನ್ನು ಹಿಂದೆ ಹಾಕಿಕೊಂಡು, ಖಜಾಂಚಿಯವರ ಹತ್ತಿರ ಎರಡು ದಿನದ ಬಾಡಿಗೆಯನ್ನೂ ವಸೂಲು ಮಾಡಿಕೊಂಡು ಹೋದರು.