ಶೆಟ್ಟರಿಲ್ಲದ ಉದ್ದರಿ

ಕ್ರೆಡಿಟ್ ಕಾರ್ಡ್ ಹೊಸ ಕಾಲದ ಸೃಷ್ಟಿ ಎಂದು ನಂಬಿದವರು ಹಳೆಯ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕವನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಕೆಂಪು ಬಟ್ಟೆಯ ರಟ್ಟು, ಮನೆಗೊಂದು ಪುಟ. ತಿಂಗಳಿಡೀ ಬೇಳೆ, ಬೆಲ್ಲ, ಕಡ್ಡಿಪೆಟ್ಟಿಗೆ ಎಂದು ಬರೆಸಿಕೊಂಡು ಹೋಗುವುದು, ಸಂಬಳದ ದಿನ ಚುಕ್ತಾ ಮಾಡುವುದು. ಕಾರ್ಡಿನಲ್ಲಿರುವುದೆಲ್ಲ ಅಲ್ಲಿಯೂ ಇತ್ತು. ಬಡ್ಡಿಯಿಲ್ಲದ ಅವಧಿ ಇತ್ತು. ಕ್ರೆಡಿಟ್ ಲಿಮಿಟ್ ಅಂಗಡಿಯ ಶೆಟ್ಟರ ಹುಬ್ಬಿನಲ್ಲಿತ್ತು. ಅದು ಮೇಲೇರಿತೆಂದರೆ ಲಿಮಿಟ್ ಮುಗಿಯಿತೆಂದೇ ಅರ್ಥ. ಮಗುವಿನ ಕೈಗೆ ಬರುತ್ತಿದ್ದ ಬೆಲ್ಲದ ಚೂರು ರಿವಾರ್ಡ್ ಪಾಯಿಂಟು. ವಸೂಲಿ ವಿಭಾಗವೂ ಇತ್ತು: ಸಂತೆಯ ದಿನ ನಾಲ್ಕು ಜನರೆದುರು ‘ಏನ್ ಸ್ವಾಮಿ, ಈಚೆಗೆ ಈ ಕಡೆ ಕಾಣೋದೇ ಇಲ್ಲ’ ಎಂಬ ಒಂದೇ ಒಂದು ಮಾತು. 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ದೇಶದಲ್ಲಿ ತನ್ನ ಕ್ರೆಡಿಟ್ ಕಾರ್ಡನ್ನು ಹೊರತಂದಾಗ ನಮ್ಮ ಮಟ್ಟಿಗೆ ಹೊಸದಾಗಿ ಬಂದದ್ದು ಪ್ಲಾಸ್ಟಿಕ್ಕು ಮಾತ್ರ.

ಬಂದದ್ದು ಪ್ಲಾಸ್ಟಿಕ್ಕು, ಹೋದದ್ದು ಶೆಟ್ಟರ ಮುಖ. ನನ್ನ ತಕರಾರೆಲ್ಲ ಇಷ್ಟೇ. ಶೆಟ್ಟರನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶವೇನೂ ಇಲ್ಲ. ಉದ್ದರಿ ಗಿರಾಕಿಗೆ ತೂಕದಲ್ಲಿಯೋ ದರದಲ್ಲಿಯೋ ಸಣ್ಣ ಕತ್ತರಿ ಬೀಳುತ್ತಿದ್ದುದನ್ನು ಬಲ್ಲವರು ಬಲ್ಲರು. ಆದರೆ ಒಂದು ವಿಷಯದಲ್ಲಿ ಅವರ ಹಿತವೂ ನಮ್ಮ ಹಿತವೂ ಒಂದೇ ಆಗಿತ್ತು: ಒಂದನೇ ತಾರೀಖಿಗೆ ಬಾಕಿ ಪೂರ್ತಿ ತೀರಬೇಕು. ಕಾರ್ಡಿನವರಿಗೆ ಅಂಥ ಅವಸರವಿಲ್ಲ. ತಿಂಗಳು ತಿಂಗಳೂ ಪೂರ್ತಿ ಕಟ್ಟುವವನಿಂದ ಅವರಿಗೆ ಸಿಗುವುದು ಅಂಗಡಿಯವನು ಕೊಡುವ ಕಮಿಷನ್ನು, ವರ್ಷದ ಶುಲ್ಕ, ಅಷ್ಟೇ. ನಿಜವಾದ ಫಸಲು ಬರುವುದು ಬಾಕಿ ಉಳಿಸಿಕೊಂಡು ಸುತ್ತುವವನಿಂದ. ಅವನಿಗೆ ಈ ವ್ಯಾಪಾರದ ಪರಿಭಾಷೆಯಲ್ಲಿ ‘ರಿವಾಲ್ವರ್’ ಎಂದು ಹೆಸರು. ಸಾಲವನ್ನು ತಿಂಗಳಿಂದ ತಿಂಗಳಿಗೆ ತಿರುಗಿಸುವವನು ಎಂಬರ್ಥದಲ್ಲಿ ಇಟ್ಟ ಹೆಸರದು. ಆದರೆ ಪಿಸ್ತೂಲೆಂಬ ಅರ್ಥವೂ ಅಷ್ಟೇ ಚೆನ್ನಾಗಿ ಹೊಂದುತ್ತದೆ, ಗುರಿ ಯಾರ ಹಣೆಗೆ ಎಂಬುದನ್ನು ಗಮನಿಸಿದರೆ.

ಆ ಗುಂಡಿನ ಹೆಸರು ‘ಕನಿಷ್ಠ ಪಾವತಿ’. ಬಿಲ್ಲಿನಲ್ಲಿ ಎರಡು ಅಂಕಿಗಳಿರುತ್ತವೆ. ಒಂದು ಎದೆ ಒಡೆಯುವಂಥದ್ದು, ಇನ್ನೊಂದು ತಲೆ ಸವರುವಂಥದ್ದು. ಲಕ್ಷ ರೂಪಾಯಿ ಬಾಕಿಗೆ ಐದು ಸಾವಿರ ಕಟ್ಟಿದರೆ ಸಾಕು ಎಂದರೆ ಯಾರಿಗೆ ತಾನೇ ಬ್ಯಾಂಕಿನ ಮೇಲೆ ಅಕ್ಕರೆ ಹುಟ್ಟುವುದಿಲ್ಲ? ತಿಂಗಳ ಬಡ್ಡಿ ಶೇ 3.5 ಎಂದಿಟ್ಟುಕೊಳ್ಳಿ; ಇದು ನಮ್ಮ ದೇಶದಲ್ಲಿ ಮಾಮೂಲಿ ದರ. ಕಟ್ಟಿದ ಐದು ಸಾವಿರದಲ್ಲಿ 3,500 ರೂಪಾಯಿ ಬಡ್ಡಿಗೆ ಹೋಯಿತು. ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ 630 ರೂಪಾಯಿ ಸರ್ಕಾರಕ್ಕೆ ಹೋಯಿತು. ಅಸಲಿಗೆ ಜಮೆಯಾದದ್ದು 870 ರೂಪಾಯಿ. ಅಷ್ಟೇ ಅಲ್ಲ, ಹಳೆ ಬಾಕಿ ಉಳಿದಿರುವಷ್ಟು ದಿನ ಹೊಸ ಖರೀದಿಗೆ ಬಡ್ಡಿಯಿಲ್ಲದ ಅವಧಿಯೂ ಇಲ್ಲ. ಇವತ್ತು ಕೊಂಡ ಕೊತ್ತಂಬರಿ ಸೊಪ್ಪಿಗೂ ಇವತ್ತಿನಿಂದಲೇ ಬಡ್ಡಿ. ಊರಿನ ಭಾಷೆಯಲ್ಲಿ ಹೇಳುವುದಾದರೆ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ. ಹಳ್ಳಿಯಲ್ಲಿ ಯಾರಾದರೂ ಈ ದರ ಹೇಳಿದರೆ ‘ರಕ್ತ ಹೀರ್ತಾನೆ’ ಎನ್ನುತ್ತೇವೆ. ಕರ್ನಾಟಕದಲ್ಲಿ ಲೇವಾದೇವಿಗಾರ ಅಡವಿಲ್ಲದ ಸಾಲಕ್ಕೆ ವರ್ಷಕ್ಕೆ ಶೇ 16ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ. ಕಾರ್ಡಿನದು ವರ್ಷಕ್ಕೆ ಶೇ 42. ಶೇ 30 ಮೀರಿದ ಬಡ್ಡಿ ಅನ್ಯಾಯ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಆದ್ದರಿಂದ ಕಾಯುವವರು ಯಾರಾದರೂ ಬರುತ್ತಾರೆಂದು ದಾರಿ ನೋಡುವುದರಲ್ಲಿ ಅರ್ಥವಿಲ್ಲ.

‘ನಾನು ಆ ಪೈಕಿ ಅಲ್ಲ, ಗಡುವಿಗೆ ಮೊದಲೇ ಪೂರ್ತಿ ಕಟ್ಟುತ್ತೇನೆ, ಮೇಲೆ ಪಾಯಿಂಟೂ ಗಳಿಸುತ್ತೇನೆ’ ಎನ್ನುವ ಜಾಣರಿದ್ದಾರೆ. ಅವರಿಗೆ ನಮಸ್ಕಾರ. ಆದರೂ ಒಂದು ಪ್ರಯೋಗದ ಕಥೆ ಅವರ ಕಿವಿಗೆ ಬೀಳಲಿ. ಅಮೆರಿಕದ ಎಂಐಟಿಯ ಪ್ರೆಲೆಕ್ ಮತ್ತು ಸಿಮೆಸ್ಟರ್ ಎಂಬ ಪ್ರಾಧ್ಯಾಪಕರು ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ ಹರಾಜಿಗಿಟ್ಟರು. ಅರ್ಧ ಜನರಿಗೆ ನಗದು ಕೊಡಬೇಕೆಂದರು, ಇನ್ನರ್ಧಕ್ಕೆ ಕಾರ್ಡಿನಲ್ಲಿ ಕೊಡಬೇಕೆಂದರು. 2001ರಲ್ಲಿ ಪ್ರಕಟವಾದ ಫಲಿತಾಂಶ ನೋಡಿದರೆ ಕಾರ್ಡಿನವರು ಸರಾಸರಿ ಎರಡು ಪಟ್ಟು ಕೂಗಿದ್ದರು. ಅವರೇನು ದಡ್ಡರಲ್ಲ, ವ್ಯವಹಾರ ನಿರ್ವಹಣೆಯನ್ನೇ ಓದುತ್ತಿದ್ದ ವಿದ್ಯಾರ್ಥಿಗಳು! ಐನೂರರ ನೋಟು ಕೈಬಿಟ್ಟು ಹೋಗುವಾಗ ಆಗುವ ಸಂಕಟ ಕಾರ್ಡ್ ಉಜ್ಜುವಾಗ ಆಗುವುದಿಲ್ಲ. ನೂರು ರೂಪಾಯಿಗೊಂದು ಪಾಯಿಂಟ್, ಪಾಯಿಂಟಿಗೆ ನಾಲ್ಕಾಣೆ ಎಂದಾದರೆ ಹತ್ತು ಸಾವಿರ ಖರ್ಚಿಗೆ ಸಿಗುವುದು 25 ರೂಪಾಯಿ. ಎರಡು ಕಾಫಿ ಬಂದರೆ ಪುಣ್ಯ. ಆ ಹತ್ತು ಸಾವಿರದಲ್ಲಿ ಬೇಡದ ಒಂದು ಅಂಗಿ ಸೇರಿಕೊಂಡಿದ್ದರೆ ಆ ಕಾಫಿ ಸಾವಿರ ರೂಪಾಯಿಯದಾಯಿತು. ಇನ್ನು ‘ಬಡ್ಡಿಯೇ ಇಲ್ಲದ ಕಂತು’ ಎಂಬ ಪವಾಡ. ಸೊನ್ನೆ ಬಡ್ಡಿ ಎಂಬುದು ಜಗತ್ತಿನಲ್ಲಿ ಇಲ್ಲ, ಅದು ಸಂಸ್ಕರಣಾ ಶುಲ್ಕದ ವೇಷದಲ್ಲಿ ಬರುತ್ತದೆ ಎಂದು ರಿಸರ್ವ್ ಬ್ಯಾಂಕೇ 2013ರಲ್ಲಿ ಬ್ಯಾಂಕುಗಳಿಗೆ ಬರೆದು ತಿಳಿಸಿತ್ತು.

ಹಾಗಾದರೆ ಕಾರ್ಡನ್ನು ಕತ್ತರಿಸಿ ಕಸದ ಬುಟ್ಟಿಗೆ ಹಾಕಬೇಕೆ? ಬೇಡ. ನಡುರಾತ್ರಿ ಆಸ್ಪತ್ರೆಯ ಕೌಂಟರಿನಲ್ಲಿ ಮುಂಗಡ ಕೇಳಿದಾಗ ಅದರಷ್ಟು ಹತ್ತಿರದ ನೆಂಟ ಇನ್ನೊಬ್ಬರಿಲ್ಲ. ಐವತ್ತು ದಿನದವರೆಗೆ ಬಿಡಿಗಾಸೂ ಬಡ್ಡಿಯಿಲ್ಲದೆ ಕಡ ಕೊಡುವವರು ಸ್ವಂತ ನೆಂಟರಲ್ಲೂ ಅಪರೂಪ. ಗಡುವಿಗೆ ಸರಿಯಾಗಿ ತೀರಿಸುತ್ತ ಬಂದರೆ ಮುಂದೆ ಮನೆಸಾಲಕ್ಕೆ ಹೋದಾಗ ಕ್ರೆಡಿಟ್ ಸ್ಕೋರ್ ನಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ. ಎಟಿಎಮ್ಮಿಗೆ ಮಾತ್ರ ಅದನ್ನು ತೂರಿಸಬಾರದು. ನಗದು ತೆಗೆದರೆ ಶುಲ್ಕವೂ ಉಂಟು, ಆ ಕ್ಷಣದಿಂದ ಬಡ್ಡಿಯೂ ಉಂಟು. ಮಾಡಬೇಕಾದದ್ದು ಇಷ್ಟು: ಕಳೆದುಹೋದ ಶೆಟ್ಟರನ್ನು ಮರಳಿ ಕರೆತರುವುದು. ಪೂರ್ತಿ ಬಾಕಿ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಬರೆದುಕೊಟ್ಟರೆ ಒಂದನೇ ತಾರೀಖಿನ ಶೆಟ್ಟರು ಬಂದಂತೆ. ಬ್ಯಾಂಕು ಲಿಮಿಟ್ಟನ್ನು ಮೂರು ಲಕ್ಷಕ್ಕೆ ಏರಿಸಿದ್ದರೂ ಆ್ಯಪಿನಲ್ಲಿ ನಾವೇ ಅದನ್ನು ಮೂವತ್ತು ಸಾವಿರಕ್ಕೆ ಇಳಿಸಿಕೊಂಡರೆ ಅವರ ಹುಬ್ಬೂ ಬಂತು. ಇನ್ನು ಕೊಂಡದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಕೈಯಾರೆ ಬರೆದಿಟ್ಟು ತಿಂಗಳಿಗೊಮ್ಮೆ ಮನೆಯವರೆದುರು ಗಟ್ಟಿಯಾಗಿ ಓದಿದರೆ ನಾಲ್ಕು ಜನರೆದುರಿನ ಆ ಮಾತೂ ಕೇಳಿಸುತ್ತದೆ. ಅದನ್ನು ಆಡಲು ಮನೆಯಲ್ಲಿ ಜನಕ್ಕೇನು ಕೊರತೆ?

ಇಷ್ಟಾದರೂ ಕೈ ಹಿಡಿತಕ್ಕೆ ಬಾರದವರಿಗೆ ಒಂದು ಸಂಗತಿ ತಿಳಿದಿರಲಿ. ಬಾಕಿ ತೀರಿಸಿ, ಕಾರ್ಡ್ ಮುಚ್ಚಿ ಎಂದು ಕೇಳಿಕೊಂಡರೆ ಬ್ಯಾಂಕು ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ಮುಚ್ಚದೆ ಸತಾಯಿಸಿದರೆ ತಡವಾದ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೆ ಅದೇ ದಂಡ ತೆರಬೇಕು. 2022ರ ರಿಸರ್ವ್ ಬ್ಯಾಂಕ್ ನಿಯಮವಿದು. ನನಗೆ ತಿಳಿದ ಮಟ್ಟಿಗೆ ಕ್ರೆಡಿಟ್ ಕಾರ್ಡು ಕೊಡುವ ಅತಿ ದೊಡ್ಡ ರಿವಾರ್ಡು ಇದೇ.